ಹಾಲು ಬಂದರೆ ಬಿಡು

ಬೇಸಿಗೆಯಲ್ಲಿ ಇಸ್ತ್ರಿಮನೆಯೊಳಗೆ ಸೂರ್ಯ ಬರುವುದಿಲ್ಲ. ಬರುವ ಅಗತ್ಯವೂ ಇಲ್ಲ. ಅವನ ತಮ್ಮಂದಿರು ಅಲ್ಲಿ ಮೇಜುಗಳ ಮೇಲೆ ಸಾಲಾಗಿ ಕೂತಿರುತ್ತಾರೆ, ಒಬ್ಬೊಬ್ಬನಿಗೂ ಒಂದೊಂದು ಹಿಡಿ, ಒಂದೊಂದು ವೈರು. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಬಂದ ಹಾಸುಬಟ್ಟೆ ಒಂದು ಬಾಗಿಲಿನಿಂದ ಮುದ್ದೆಯಾಗಿ ಒಳಗೆ ಬಂದು, ಇನ್ನೊಂದು ಬಾಗಿಲಿನಿಂದ ಮಡಿಕೆಯಾಗಿ ಹೊರಗೆ ಹೋಗುತ್ತದೆ. ನಡುವೆ ಹೆಂಗಸರು ನಿಂತಿರುತ್ತಾರೆ. ಹಾಗೆ ನಿಂತವರಲ್ಲಿ ನಮ್ಮ ಈ ಸೊಸೆಯೂ ಒಬ್ಬಳು.

ಕಿಟಕಿ ಪಕ್ಕದ ಅವಳ ಮೇಜು ಮೊದಲು ಅವಳ ಅತ್ತೆಯದಾಗಿತ್ತು. ಮಂಡಿ ಕೈಕೊಟ್ಟಾಗ ಅತ್ತೆ ಹೊಲ ಮನೆ ಬರೆದುಕೊಡುವವಳ ಗತ್ತಿನಲ್ಲಿ ಆ ಮೇಜನ್ನು ಸೊಸೆಗೆ ಬಿಟ್ಟುಕೊಟ್ಟಳು. ಜೊತೆಗೆ ವಿದ್ಯೆಯನ್ನೂ. ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ನಂಬಬಾರದು, ತೋರುಬೆರಳನ್ನು ನಾಲಿಗೆಗೆ ತಾಗಿಸಿ ತಳಕ್ಕೆ ಮುಟ್ಟಿಸಬೇಕು. ಚುಂಯ್ ಅಂದರೆ ಹತ್ತಿಗೆ, ಚುಸ್ ಅಂದರೆ ರೇಷ್ಮೆಗೆ, ಏನೂ ಅನ್ನದಿದ್ದರೆ ಪೆಟ್ಟಿಗೆ ಕೆಟ್ಟಿದೆ ಅಂತ ಮೇಲ್ವಿಚಾರಕಿಗೆ ಹೇಳಿ ಸ್ವಲ್ಪ ಕೂತ್ಕೋ ಅನ್ನುತ್ತಿದ್ದಳು ಅತ್ತೆ. ಸೊಸೆಯ ನಸೀಬಿಗೆ ಪೆಟ್ಟಿಗೆಗಳೆಲ್ಲ ಗಟ್ಟಿಪಿಂಡಗಳು. ಯಾವುದೂ ಕೆಡಲಿಲ್ಲ, ಕೂರುವ ಪ್ರಸಂಗವೂ ಬರಲಿಲ್ಲ.

ಸಂಜೆ ಅವಳು ಮನೆಗೆ ಬರುವುದೆಂದರೆ ಹಿಂಡಿದ ಬಟ್ಟೆಯನ್ನು ಒದರದೆ ತಂತಿಗೆ ಎಸೆದ ಹಾಗೆ. ಎರಡು ಕೋಣೆಯ ಮನೆ, ಹಿಂದೆ ಒಂದು ಅಂಗಳ, ಅಂಗಳಕ್ಕೊಂದು ಗೇಟು, ಗೇಟಿನಾಚೆ ರೈಲುಹಳಿಯ ಬದಿಯ ಪಾಳುಜಾಗ. ಬಿಸಿಲು ಇಳಿದ ಮೇಲೆ ಅತ್ತೆ ಬಟ್ಟೆಚೀಲ ಹಿಡಿದು ಆ ಕಡೆ ಹೋಗುತ್ತಿದ್ದಳು. ಕಲ್ಲುಸಂದಿನಲ್ಲಿ ಬೆಳೆದ ಗೋಣಿಸೊಪ್ಪು ಕೊಯ್ಯುವಳು, ಮುಚ್ಚಿಹೋದ ಗೋದಾಮಿನ ಗೋಡೆಯಾಚೆಗೆ ಬಾಗಿದ ಹಿಪ್ಪುನೇರಳೆ ಮರದ ಕೆಳಗೆ ಸೆರಗೊಡ್ಡಿ ನಿಲ್ಲುವಳು. ಸೊಸೆ ಬರುವ ಹೊತ್ತಿಗೆ ಹಿತ್ತಿಲ ಮೆಟ್ಟಿಲ ಬಳಿ ಬಕೆಟ್ಟಿನಲ್ಲಿ ತಣ್ಣೀರು ಕಾಯುತ್ತಿರುತ್ತಿತ್ತು. ಅವಳು ಚಪ್ಪಲಿ ಕಳಚಿ, ಮೆಟ್ಟಿಲ ಮೇಲೆ ಕೂತು, ಎರಡೂ ಪಾದಗಳನ್ನು ನೀರಿಗಿಳಿಸುವಳು. ಹಿಂದೆ ಒಲೆಯ ಮೇಲೆ ಬೆಳ್ಳುಳ್ಳಿ ಕೆಂಪಾಗುವುದು, ಬೆಂದ ಆಲೂಗಡ್ಡೆಯ ಸಿಪ್ಪೆ ಬಿಚ್ಚುವುದು, ಸೊಪ್ಪು ಬಾಣಲೆಗೆ ಬಿದ್ದು ಒಂದು ಸಲ ಕಿರುಚಿ ಸುಮ್ಮನಾಗುವುದು. ಕೈಗೊಂದು ಬಟ್ಟಲು ಹಣ್ಣು, ಮೇಲೆ ಚಿಟಿಕೆ ಸಕ್ಕರೆ. ಬೆರಳು ನೀಲಿ, ನಾಲಿಗೆ ನೀಲಿ. ಆ ಒಂದು ಹೊತ್ತಿಗಾಗಿಯೇ ಅವಳು ದಿನವಿಡೀ ನಿಂತಿರುತ್ತಿದ್ದಳು ಅಂದರೂ ತಪ್ಪಿಲ್ಲ.

ಸೊಪ್ಪು ಬಿಡಿಸುತ್ತ ಅತ್ತೆ ಕಥೆ ಹೇಳುವಳು. ಹೆಚ್ಚು ಸಲ ಹೇಳಿದ್ದು ಅಕ್ಕತಂಗಿಯರದು. ಇಬ್ಬರೂ ನೆಲ ಬಿಟ್ಟು ಏಳದ ಬಡವರು, ಕೆಂಪು ಕಾಲಿನವರು, ನೋಡಿದರೆ ಒಂದೇ ಅಚ್ಚು. ಒಂದು ಬೇಸಿಗೆಯಲ್ಲಿ ಬಾಯಾರಿದ ಮುದುಕಿಯೊಬ್ಬಳು ಬಾಗಿಲಿಗೆ ಬಂದಳಂತೆ. ಅಕ್ಕ, ನಮ್ಮ ಹತ್ತಿರ ಇರೋದು ನೀರೊಂದೇ ಅಂತ ನೀರು ಕೊಟ್ಟಳು. ತಂಗಿಗೆ ಹೊಗಳಿಸಿಕೊಳ್ಳುವ ಚಪಲ. ಹಸುವಿಲ್ಲ ಕರುವಿಲ್ಲ, ಹಾಲು ಕೊಡ್ತೀನಿ ಅಂದಳು, ಅದೇನನ್ನೋ ಬೆಳ್ಳಗೆ ಕಲಸಿ ಕೊಟ್ಟಳು. ಮುದುಕಿ ಹೊಟ್ಟೆ ಹಿಡಿದುಕೊಂಡು ಶಾಪ ಹಾಕಿದಳು. ಅಕ್ಕ ಗೋಣಿಸೊಪ್ಪಾದಳು, ತಂಗಿ ಅದರಂತೆಯೇ ಕಾಣುವ ವಿಷದ ಕಳೆಯಾದಳು. ಅಕ್ಕನನ್ನು ಮುರಿದರೆ ಇವತ್ತಿಗೂ ನೀರು, ತಂಗಿಯನ್ನು ಮುರಿದರೆ ಹಾಲು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಸುಮ್ಮನೆ ಹೇಳಿದ್ದಲ್ಲ ದೊಡ್ಡವರು. ನೀರು ಬಂದರೆ ತಿನ್ನು, ಹಾಲು ಬಂದರೆ ಬಿಡು. ಅಲ್ಲಿಗೆ ಕಥೆಯೂ ಮುಗಿಯುತ್ತಿತ್ತು, ಸೊಪ್ಪೂ ಮುಗಿಯುತ್ತಿತ್ತು.

ಈ ಸುಖಕ್ಕೆ ಒಂದು ಮೊಳೆ ಹೊಡೆದಿತ್ತು. ಮೊಳೆಯೆಂದರೆ ನಿಜವಾದ ಮೊಳೆಯೇ, ಹಿತ್ತಿಲ ಬಾಗಿಲ ಪಕ್ಕದ ಗೋಡೆಯಲ್ಲಿ, ಅದಕ್ಕೆ ತೂಗುಬಿದ್ದ ಒಂದು ದಪ್ಪ ಬೀಗ. ಸೊಸೆಯ ಗಂಡ ಬೀಗ ರಿಪೇರಿಯವನು. ಕಳೆದ ಬೇಸಿಗೆ ಅವನ ತಾಯಿ ಹಳಿಯ ಪಕ್ಕ ತಲೆಸುತ್ತಿ ಕೂತುಬಿಟ್ಟಿದ್ದಳು. ತರಕಾರಿಯವನೊಬ್ಬ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದು ಬಿಟ್ಟುಹೋದ. ಎಲೆಕೋಸಿನ ನಡುವೆ ಮಹಾರಾಣಿ ಹಾಗೆ ಬಂದೆ ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡು ನಕ್ಕಳು. ಮಗ ನಗಲಿಲ್ಲ. ಅಂಗಡಿಯಿಂದ ಆ ಬೀಗ ತಂದು ನೇತುಹಾಕಿ, ಇನ್ನೊಂದು ಸಲ ಏನಾದರೂ ಆದರೆ ಇದು ಗೇಟಿಗೆ ಹೋಗುತ್ತದೆ ಅಂದ. ಊರವರ ಬೀಗವನ್ನೆಲ್ಲ ತೆಗೆದುಕೊಡುವವನು ಹಾಕ್ತೀನಿ ಅಂದದ್ದು ಅದೊಂದೇ ಸಲ. ಹೆದರಿಕೆಯಿಂದ ಅಂದದ್ದು. ಹೆದರಿದವನು ಆಡಿದ್ದನ್ನು ಮಾಡಿಯೇ ತೀರುತ್ತಾನೆಂದು ಹೆಂಡತಿಗೆ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸೊಸೆ, ಕಾಲು ನೀರಿನಲ್ಲಿಟ್ಟುಕೊಂಡು, ಮಡಿಲಿನ ಸೊಪ್ಪಿನಿಂದ ಒಂದು ಕಡ್ಡಿ ಎತ್ತಿ ಸುಮ್ಮನೆ ಮುರಿದಳು. ಹಾಲು ಬಂತು.

ಬೆಳ್ಳಗಿನ ಒಂದು ಹನಿ, ಗುಂಡಗೆ, ನಿಧಾನಕ್ಕೆ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಬೆಳ್ಳುಳ್ಳಿ ಜಜ್ಜುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಕಣ್ಣಿಗೆ ಪೊರೆ ಬಂದದ್ದು ಮನೆಯವರಿಗೆಲ್ಲ ಗೊತ್ತಿದ್ದದ್ದೇ, ಆದರೆ ಸೊಪ್ಪಿನ ವಿಷಯಕ್ಕೆ ನನಗೆ ಕಣ್ಣು ಬೇಡ, ಕೈಯೇ ಕಣ್ಣು ಅನ್ನುತ್ತಿದ್ದಳು. ಸೊಸೆ ಕಡ್ಡಿಯನ್ನು ಗೋಡೆಯಾಚೆ ಎಸೆದಳು. ಕೈ ಅಂದಮೇಲೆ ಒಂದು ತಪ್ಪುತ್ತದೆ, ಇರಲಿ ಅಂದುಕೊಂಡಳು. ಮಾರನೆಯ ಸಂಜೆ ಮತ್ತೆ ಸಿಕ್ಕಿತು, ಒಂದಲ್ಲ.

ಗಂಡನಿಗೆ ಹೇಳಿದರೆ ಬೀಗ. ಅತ್ತೆಗೆ ಹೇಳಿದರೆ ಬೀಗಕ್ಕಿಂತ ಕಷ್ಟ. ಮಂಡಿ ಹೋಯಿತು, ಮೇಜು ಹೋಯಿತು, ಕಣ್ಣು ಅರ್ಧ ಹೋಯಿತು, ಉಳಿದದ್ದು ಆ ಬಟ್ಟೆಚೀಲ. ಅದನ್ನೂ ಮಡಿಸಿ ಟ್ರಂಕಿನಲ್ಲಿಡು ಅಂತ ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ಮಣ್ಣು ಜಾಸ್ತಿ ಇದೆ, ನಾನೇ ತೊಳೀತೀನಿ ಅಂತ ಚೀಲ ಕಿತ್ತುಕೊಂಡು ನಲ್ಲಿಯ ಮುಂದೆ ನಿಂತಳು. ಒಂದೊಂದೇ ಕಡ್ಡಿ ಮುರಿಯುವುದು, ನೋಡುವುದು, ಇಡುವುದು ಇಲ್ಲ ಎಸೆಯುವುದು. ಇಡೀ ದಿನ ನಿಂತು ಬಂದವಳು ಮತ್ತೆ ನಿಂತಳು. ಹಿತ್ತಿಲಲ್ಲಿ ಬಕೆಟ್ಟಿನ ನೀರು ತನ್ನ ಪಾಡಿಗೆ ಬೆಚ್ಚಗಾಗುತ್ತಿತ್ತು. ಈಗೀಗ ನನ್ನ ಕೈಯ ಸೊಪ್ಪು ನಿನಗೆ ಅಸಹ್ಯವಾಯ್ತೇನೋ ಅಂತ ಅತ್ತೆ ಚುಚ್ಚಿದಳು. ರಾಣಿಯಮ್ಮ ಸೊಪ್ಪಿಗೂ ಇಸ್ತ್ರಿ ಹಾಕಿಯೇ ತಿನ್ನೋದು ಅಂತ ಗಂಡ ಗೇಲಿ ಮಾಡಿದ. ಅವಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎರಡಕ್ಕೂ ತ್ರಾಣ ಬೇಕು. ಕೆಲವು ಸಂಜೆ, ಹಾಳಾದ ಸೊಪ್ಪು ಬೆಳೆಯುವುದಾದರೂ ಯಾಕೆ ಅನ್ನಿಸುತ್ತಿತ್ತು. ಅತ್ತೆ ಇವತ್ತು ಹೋಗದಿದ್ದರೆ ಸಾಕು ಅಂತ ದಾರಿಯಲ್ಲೇ ಹರಕೆ ಹೊತ್ತವಳ ಹಾಗೆ ಬರುತ್ತಿದ್ದಳು. ಬಂದರೆ ಚೀಲ ತುಂಬಿರುತ್ತಿತ್ತು.

ಆಮೇಲೊಂದು ದಿನ ಇಸ್ತ್ರಿಮನೆಯಲ್ಲಿ ಬಟ್ಟೆ ಮುಗಿಯಲೇ ಇಲ್ಲ. ಯಾವುದೋ ಹೋಟೆಲಿನಲ್ಲಿ ಮದುವೆಯವರು ಇಳಿದಿದ್ದರಂತೆ. ಮೇಲ್ವಿಚಾರಕಿ ಬೇಡಿಕೊಂಡಳು, ಆಮೇಲೆ ಗದರಿದಳು, ಎರಡರಲ್ಲಿ ಯಾವುದಕ್ಕೋ ಸೊಸೆ ಉಳಿದುಕೊಂಡಳು. ಮನೆ ಮುಟ್ಟುವಾಗ ಬೀದಿದೀಪ ಹತ್ತಿತ್ತು. ಒಳಗೆ ಬೆಳ್ಳುಳ್ಳಿಯ ಘಮ. ಗಂಡ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ನಿನಗೆ ಹೊತ್ತಾಯ್ತು ಅಂತ ನಾನೇ ಮಾಡಿಬಿಟ್ಟೆ, ತೊಳೆದೂ ಇದ್ದೀನಿ, ಅನುಮಾನ ಬೇಡ ಅಂದಳು ಅತ್ತೆ, ಬಾಣಲೆಗೆ ಸೌಟು ಹಾಕುತ್ತ.

ಸೊಸೆಯ ಕಣ್ಣು ನೇರ ಹೆಚ್ಚುವ ಮಣೆಗೆ ಹೋಯಿತು. ಮಣೆಯ ಮೇಲೆ ಬಿಳಿ ಚುಕ್ಕೆಗಳು, ಒಣಗಿ ಅಂಟಾಗಿ, ಒಂದೆರಡಲ್ಲ. ಚಾಕುವಿನ ಅಲಗಿಗೂ ಬೆಳ್ಳಗೆ ಪೊರೆ ಕಟ್ಟಿತ್ತು.

ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಬಂತು. ಗೋಡೆಯಲ್ಲಿ ಬೀಗ ಹೊಳೆಯಿತು. ಅವಳು ಮುಂದೆ ಹೋಗಿ, ನಾನು ಬಡಿಸ್ತೀನಿ ಬಿಡಿ ಅಂತ ಬಾಣಲೆಯ ಕಿವಿ ಹಿಡಿದು ಎತ್ತಿದಳು, ಹಿತ್ತಿಲ ಹೊಸ್ತಿಲವರೆಗೆ ಏನೋ ತರುವವಳ ಹಾಗೆ ನಡೆದು ಕೈಬಿಟ್ಟಳು. ಬಾಣಲೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಡಬಡಬನೆ ಉರುಳಿತು. ಬಕೆಟ್ಟೂ ಮಗುಚಿತು.

ಗಂಡ ಖಾಲಿ ತಟ್ಟೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ. ಮುಖ ಸುಣ್ಣದ ಹಾಗಿತ್ತು. ಬೈಯಲು ಬಾಯಿ ತೆರೆದವನು ಅದನ್ನು ನುಂಗಿ, ಕೂತ್ಕೋ, ತಲೆ ಸುತ್ತುತ್ತಿರಬೇಕು ಅಂತ ಹೇಳಿ, ತಿರುವಿನ ಅಂಗಡಿಯಿಂದ ಬ್ರೆಡ್ಡಾದರೂ ತರುತ್ತೇನೆಂದು ಹೊರಟ. ಅತ್ತೆ ಮಾತ್ರ ಅಲ್ಲಾಡಲಿಲ್ಲ. ಅವನ ಹೆಜ್ಜೆಸದ್ದು ಬೀದಿಗೆ ಸೇರುವವರೆಗೆ ಕಾದಳು.

"ಇಸ್ತ್ರಿಮನೆಯವಳ ಕೈ ಜಾರಲ್ಲ ಕಣೇ," ಅಂದಳು. "ತಲೆ ಮುಟ್ಟೋವಷ್ಟು ಬಟ್ಟೆ ಹೊತ್ಕೊಂಡು ಮೆಟ್ಟಿಲು ಹತ್ತೋ ಕೈ ಅದು. ಒಂದು ಕರವಸ್ತ್ರ ಬೀಳಿಸಿದೋಳಲ್ಲ ನೀನು."

ಸೊಸೆ ಬಗ್ಗಿ ಬಾಣಲೆ ಎತ್ತಿದಳು. ಅತ್ತೆ ತಿರುಗಿ, ಮಣೆ ಎತ್ತಿ ಮುಖದ ಹತ್ತಿರ ಹಿಡಿದಳು, ಇನ್ನೂ ಹತ್ತಿರ, ಮೂಗು ತಾಗುವಷ್ಟು. ಮೂಸಿದಳು. ತೋರುಬೆರಳಿನಿಂದ ಉಜ್ಜಿದಳು, ಆಮೇಲೆ ಅದೇ ಬೆರಳನ್ನು ತುಟಿಗೆ ಒತ್ತಿ ನೋಡಿ ಉಗುಳಿದಳು. ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯಿತು.

"ಎಷ್ಟು ದಿನದಿಂದ?"

"ಹಿಪ್ಪುನೇರಳೆ ಹಣ್ಣು ಕೆಂಪಾಗೋಕೆ ಶುರುವಾದಾಗಿಂದ."

ಹಣ್ಣು ಈಗ ಕಪ್ಪಾಗಿ ಉದುರುತ್ತಿತ್ತು. ಅತ್ತೆ ಮೆಟ್ಟಿಲ ಮೇಲೆ ನಿಧಾನವಾಗಿ ಕೂತಳು, ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಸೊಸೆಯೂ ಪಕ್ಕದಲ್ಲಿ ಕೂತಳು, ಇನ್ನು ನಿಲ್ಲುವ ಶಕ್ತಿ ಇರಲಿಲ್ಲ. ಅತ್ತೆ ತನ್ನ ಬಲಗೈ ಬೆಳಕಿಗೆ ಹಿಡಿದಳು. ತೋರುಬೆರಳ ತುದಿಯಲ್ಲಿ ಗೆರೆಯೇ ಇರಲಿಲ್ಲ. ಹೊಳೆಯುವ, ನುಣ್ಣಗಿನ, ತೊಳೆದ ಗೋಲಿಯಂಥ ಬೆರಳು. ಮುರಿಯೋದು ನಾನು ಮರೆತಿಲ್ಲ, ಒಂದೊಂದನ್ನೂ ಮುರಿದೇ ಚೀಲಕ್ಕೆ ಹಾಕ್ತೀನಿ, ಆದರೆ ಏನೂ ಅಂಟಲ್ಲ, ಅಂಟಿದ್ದು ಗೊತ್ತಾಗಲ್ಲ ಅಂದಳು. ಇಷ್ಟು ವರ್ಷ ಪೆಟ್ಟಿಗೆಗೆ ಮುಟ್ಟಿಸಿ ಮುಟ್ಟಿಸಿ ಎಲ್ಲ ಚುಂಯ್ ಅಂದುಕೊಂಡು ಹೋಯಿತು ಅಂದಳು.

ಸೊಸೆ ತನ್ನ ತೋರುಬೆರಳು ನೋಡಿಕೊಂಡಳು. ನೆಲದ ಮೇಲೆ ಬಿದ್ದಿದ್ದ ಒಂದು ಹಸಿ ಎಲೆಯನ್ನು ಎತ್ತಿ ಹೊಸಕಿದಳು. ಎಲೆ ಇದ್ದದ್ದು ಗೊತ್ತಾಯಿತು. ದಪ್ಪವೋ ತೆಳುವೋ ಅಂದರೆ, ಹೇಳಲಾರಳು. ಎಡಗೈಗೆ ಬದಲಾಯಿಸಿದಳು. ದಪ್ಪ, ತಣ್ಣಗೆ, ಒಳಗೆ ನೀರು. ಎರಡು ಕೈಗೂ ಇಷ್ಟು ವ್ಯತ್ಯಾಸವಾಗಿದ್ದು ಯಾವಾಗ ಅಂತ ಅವಳಿಗೆ ತಿಳಿಯಲಿಲ್ಲ. ಅತ್ತೆ ಅದನ್ನೆಲ್ಲ ನೋಡುತ್ತಿದ್ದಳು. ಅಷ್ಟು ಹತ್ತಿರದ್ದು ಪೊರೆಗಣ್ಣಿಗೂ ಕಾಣುತ್ತಿತ್ತು.

"ನಾಳೆಯಿಂದ ಪೆಟ್ಟಿಗೇನ ಎಡಗೈಯಲ್ಲಿ ಮುಟ್ಟು," ಅಂದಳು. ಆಮೇಲೆ ಆ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು, "ಉಹೂಂ, ಗುಂಡಿ ತಿರುಗಿಸಿ ನಂಬು. ಬೆರಳು ಬೇಡ. ನಾನು ಹೇಳಿದ್ದು ತಪ್ಪು," ಅಂದಳು.

ಗಂಡ ಬ್ರೆಡ್ಡಿನೊಂದಿಗೆ ಬಂದಾಗ ಬೀಗ ಮೊಳೆಯಲ್ಲಿರಲಿಲ್ಲ, ತಾಯಿಯ ಮಡಿಲಲ್ಲಿತ್ತು. ಗೇಟಿಗೆ ಹಾಕು ಅಂದಳು ಅವಳು. ಯಾಕೆ ಅಂತ ಅವನು ಕೇಳುವ ಮೊದಲೇ ಹೇಳಿದಳು, ಅದನ್ನೂ ಕಥೆಯ ಹಾಗೆ. ಒಂದೂರಲ್ಲಿ ಒಬ್ಬ ಮುದುಕಿ ಇದ್ದಳಂತೆ, ಕೈಯೇ ಕಣ್ಣು ಅನ್ನುತ್ತಿದ್ದಳಂತೆ, ಆ ಕಣ್ಣಿಗೂ ಪೊರೆ ಬಂದದ್ದು ಅವಳಿಗೆ ಗೊತ್ತಿರಲಿಲ್ಲವಂತೆ, ಸೊಸೆಗೆ ಮಾತ್ರ ಗೊತ್ತಿತ್ತಂತೆ. ಮಗ ಬ್ರೆಡ್ಡು ಎದೆಗೊತ್ತಿಕೊಂಡು ನಿಂತೇ ಕೇಳಿದ. ಮುಗಿದ ಮೇಲೆ ಬೀಗ ತೆಗೆದುಕೊಂಡ. ಕೀಲಿಕೈ ಹಾಕಿ ತಿರುಗಿಸಿದ, ತೆಗೆದ, ಮತ್ತೆ ತಿರುಗಿಸಿದ. ಗಿರಾಕಿಯ ಮುಂದೆ ಬೀಗ ಪರೀಕ್ಷಿಸುವವನ ಹಾಗೆ. ಗೇಟಿನ ಕಡೆಗೆ ಮಾತ್ರ ಹೋಗಲಿಲ್ಲ.

ಸೊಸೆಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಅವನು ಬೀಗ ಹಾಕುತ್ತಾನೆ, ಸೊಪ್ಪು ಬರುವುದಿಲ್ಲ, ನಲ್ಲಿಯ ಮುಂದೆ ನಿಲ್ಲುವುದು ತಪ್ಪುತ್ತದೆ. ಅವಳು ಏನೂ ಮಾಡಬೇಕಾಗಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಟ್ಟೆಚೀಲವನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು. ಇಸ್ತ್ರಿಮನೆಯ ಮಡಿಕೆ, ಕೂದಲೆಳೆ ಆಚೀಚೆ ಇಲ್ಲದ್ದು.

"ಬೀಗ ಬೇಡ," ಅಂದಳು ಸೊಸೆ. "ರಜೆಯ ದಿನ ನಾನೂ ಬರ್ತೀನಿ. ಎಲ್ಲಿದೆ ಅಂತ ನೀವು ತೋರಿಸಿ. ನಾನು ಮುರೀತೀನಿ."

ಹೇಳುವಾಗಲೇ ರಜೆಯ ದಿನದ ನಿದ್ದೆ, ಬಸ್ಸು ಹತ್ತಿದ ನೆಂಟರ ಹಾಗೆ, ಕಿಟಕಿಯಿಂದ ಕೈಬೀಸಿ ಹೋಗುವುದು ಅವಳಿಗೆ ಕಾಣಿಸಿತು. ನಿನಗೆ ನಿದ್ದೆ ಬೇಡವಾ ಅಂತ ಅತ್ತೆ ಕೇಳಿದಳು. ಬೇಕು ಅಂದಳು ಸೊಸೆ. ಮೂವರೂ ಒಣ ಬ್ರೆಡ್ಡು ತಿಂದರು.

ರಜೆಯ ದಿನ ಬಿಸಿಲು ಏರುವ ಮೊದಲೇ ಹೋದರು. ಅತ್ತೆ ಕಾಲಿನಿಂದ ತೋರಿಸುವಳು, ಇಲ್ಲಿ, ಈ ಕಲ್ಲಿನ ಹಿಂದೆ, ಅಲ್ಲಲ್ಲ, ಎಡಕ್ಕೆ. ಎಲ್ಲಿ ಬೆಳೆಯುತ್ತದೆ ಅನ್ನುವುದು ಅವಳ ಪಾದಕ್ಕೆ ಬಾಯಿಪಾಠವಾಗಿತ್ತು. ಸೊಸೆ ಕುಕ್ಕುರುಗಾಲಲ್ಲಿ ಕೂತು ಎಡಗೈಯಿಂದ ಮುರಿಯುವಳು. ನೀರು. ನೀರು. ಹಾಲು. ಅಕ್ಕನ ಮಗ್ಗುಲಲ್ಲೇ ತಂಗಿ, ತಬ್ಬಿಕೊಂಡು ಬೆಳೆದಿದ್ದಳು. ಚೀಲ ಮೊದಲಿನಷ್ಟು ತುಂಬಲಿಲ್ಲ. ಮರದ ಕೆಳಗೆ ಹಣ್ಣೂ ಮುಗಿಯುತ್ತ ಬಂದಿತ್ತು, ಹಕ್ಕಿ ಕುಕ್ಕಿ ಬಿಟ್ಟದ್ದು ಒಂದು ಹಿಡಿ ಸಿಕ್ಕಿತು.

ಗೇಟು ತೆರೆದೇ ಇತ್ತು. ಬೀಗವನ್ನು ಗಂಡ ಅಂಗಡಿಗೆ ಒಯ್ದಿದ್ದ. ಮೊಳೆಗೆ ಅತ್ತೆ ಚೀಲ ಸಿಕ್ಕಿಸಿದಳು. ಸೊಸೆ ಬಕೆಟ್ಟಿಗೆ ನೀರು ತಾನೇ ತುಂಬಿಕೊಂಡು, ಮೆಟ್ಟಿಲ ಮೇಲೆ ಕೂತು ಕಾಲು ಇಳಿಸಿದಳು. ಒಳಗೆ ಬೆಳ್ಳುಳ್ಳಿ ಕೆಂಪಾಗುವ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಸೊಪ್ಪು ಬಾಣಲೆಗೆ ಬಿದ್ದು ಕಿರುಚಿದ್ದೂ ಕೇಳಿಸಲಿಲ್ಲ. ಗಂಡ ಎಬ್ಬಿಸಲು ಹೊರಟಾಗ ಅತ್ತೆ ಸೌಟು ಅಡ್ಡ ಹಿಡಿದಳು. ಅವಳ ಪಾಲನ್ನು ಬಟ್ಟಲಿನಲ್ಲಿ ಮುಚ್ಚಿಟ್ಟು, ತನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು.

"ನನ್ನ ಕೈಯಲ್ಲಿ ಉಪ್ಪು ಕಮ್ಮಿಯಾಯ್ತು," ಅಂದಳು ಮೆಲ್ಲಗೆ, ಮಲಗಿದವಳಿಗೆ ಕೇಳಿಸದ ಹಾಗೆ.