ಮೀನಿನ ಕೋಣೆಯ ಶನಿವಾರಗಳು

ಶನಿವಾರ ಮಧ್ಯಾಹ್ನ ಪ್ರಯೋಗಾಲಯದ ಬಾಗಿಲು ಹಾಕಿದ ಕೂಡಲೇ ನಾದಿನಿ ನೆಟ್ಟಗೆ ಅತ್ತಿಗೆಯ ಅಂಗಡಿಗೆ ಹೋಗುತ್ತಿದ್ದಳು. ಹಾಗೆ ನೋಡಿದರೆ ಈಗ ಅವರು ಅತ್ತಿಗೆಯೂ ಅಲ್ಲ, ಇವಳು ನಾದಿನಿಯೂ ಅಲ್ಲ. ಅಣ್ಣನಿಗೂ ಅತ್ತಿಗೆಗೂ ವಿಚ್ಛೇದನವಾಗಿ ಎರಡು ವರ್ಷ ಕಳೆದಿತ್ತು. ಜಗಳವಿಲ್ಲ, ರಂಪವಿಲ್ಲ, ಒಂದೇ ಬಸ್ಸು ಹತ್ತಿ ಬೇರೆ ಬೇರೆ ಊರಿಗೆ ಟಿಕೆಟ್ ಕೇಳಿದವರ ಹಾಗೆ ಇಬ್ಬರೂ ಒಂದು ದಿನ ಮುಖ ಮುಖ ನೋಡಿಕೊಂಡು ಇಳಿದುಬಿಟ್ಟಿದ್ದರು. ಆದರೆ ಕರೆದು ರೂಢಿಯಾದ ಬಾಯಿ ಕೋರ್ಟಿನ ಮಾತು ಕೇಳುವುದಿಲ್ಲ.

"ಇನ್ನೂ ಅತ್ತಿಗೆ ಅಂತೀಯಲ್ಲ," ಎಂದು ಅಣ್ಣ ಒಮ್ಮೆ ಕೇಳಿದ್ದ.

"ಮತ್ತೇನು ಅನ್ನಲಿ? ಫ್ರೇಮ್ ಅಂಗಡಿಯವರೇ ಅಂತ ಕರೀಲಾ?"

ಅಣ್ಣ ನಕ್ಕು ಟಿವಿಯ ಕಡೆ ತಿರುಗಿದ್ದ.

ಅತ್ತಿಗೆಯದು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ. ಉದ್ದಕ್ಕೆ ರೈಲು ಡಬ್ಬಿಯಂತಿತ್ತು. ಮುಂದೆ ಗಾಜು ಕತ್ತರಿಸುವ ಮೇಜು, ಹಿಂದೆ ಮರದ ಪಟ್ಟಿಗಳು, ನಡುವೆ ಎರಡು ಸ್ಟೂಲು ಮತ್ತು ಒಂದು ಫ್ಲಾಸ್ಕು. ಮೇಜಿನ ಮೇಲಿನ ಗೋಡೆಗೆ ಒಂದು ಫೋಟೋ ನೇತಾಡುತ್ತಿತ್ತು. ಮದುವೆ ಇನ್ನೂ ನೆಟ್ಟಗಿದ್ದ ದಿನಗಳಲ್ಲಿ ಗಿರಾಕಿಯೊಬ್ಬರು ಅದನ್ನು ಚೌಕಟ್ಟಿಗೆ ತಂದಿದ್ದರು; ಅತ್ತಿಗೆ ಅದರಿಂದ ಕಣ್ಣು ಕೀಳದೆ ನಿಂತದ್ದು ನೋಡಿ ಇನ್ನೊಂದು ಪ್ರತಿ ತೆಗೆಸಿ ಕೊಟ್ಟು ಹೋಗಿದ್ದರು. ಹಳೆಯ ಪಟ್ಟಣವೊಂದರಲ್ಲಿ, ಮೆಟ್ಟಿಲುಗಳೇ ರಸ್ತೆಯಾದ ಓಣಿಯಲ್ಲಿ ಮೂರು ಕೋಣೆಯ ಪುಟ್ಟ ಅತಿಥಿಗೃಹವಿದೆ. ಅದರ ಒಂದು ಕೋಣೆಯ ಚಾವಣಿಯ ಚಿತ್ರ ಅದು. ಚಾವಣಿಯ ತುಂಬ ನೀರು. ನೀರನ್ನು ಕೆಳಗಿನಿಂದ ನೋಡಿದ ಹಾಗೆ: ಮೀನುಗಳ ಬಿಳಿ ಹೊಟ್ಟೆ, ದೋಣಿಯೊಂದರ ತಳ, ಎರಡು ಹುಟ್ಟು, ಈಜುತ್ತಿರುವ ಯಾರದೋ ಅಂಗಾಲು. ಹಾಸಿಗೆಯಲ್ಲಿ ಮಲಗಿದವರು ಕೆರೆಯ ತಳದಲ್ಲಿ ಮಲಗಿದಂತಿರಬೇಕು.

"ಒಂದ್ಸಲ ಇಬ್ಬರೂ ಹೋಗಿ ಅಲ್ಲಿ ಮಲಗಿ ಬರೋಣ ಕಣೇ," ಎಂದಿದ್ದರು ಅತ್ತಿಗೆ.

"ಆ ನೀರು ಕುಡಿಯೋಕೆ ಯೋಗ್ಯವಾ ಅಂತ ಮೊದಲು ಪರೀಕ್ಷೆ ಮಾಡಬೇಕು," ಎಂದಿದ್ದಳು ನಾದಿನಿ. ಊರಿನ ನಲ್ಲಿ ನೀರನ್ನು ಪರೀಕ್ಷಿಸುವುದೇ ಅವಳ ಕೆಲಸ. ಅಂದಿನಿಂದ ಅವಳಿಗೆ ಅತ್ತಿಗೆಯಿಟ್ಟ ಹೆಸರು ಇನ್ಸ್‌ಪೆಕ್ಟರಮ್ಮ.

ವಿಚ್ಛೇದನವಾದ ಮೇಲಿನ ಮೊದಲ ಶನಿವಾರ ಅವಳು ಅಂಗಡಿಯ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಏನೆಂದು ಒಳಗೆ ಹೋಗುವುದು? ಸಂಬಂಧವೇ ಮುಗಿದ ಮನೆಯ ಹುಡುಗಿಗೆ ಇಲ್ಲೇನು ಕೆಲಸ? ಅತ್ತಿಗೆ ತಲೆಯೆತ್ತಿ ನೋಡಿದಾಗ ಗಾಬರಿಯಲ್ಲಿ ಬಾಯಿಗೆ ಬಂದದ್ದು ಇಷ್ಟು: "ಆ ಮೀನಿನ ಕೋಣೆ ವಿಷಯ ಮಾತಾಡೋಣ ಅಂತ ಬಂದೆ." ಅತ್ತಿಗೆ ಒಂದು ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ್ದರು. ಅಲ್ಲಿಂದ ಶುರುವಾದ ಯೋಜನೆ ಇದು.

ಯೋಜನೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಕಲಿತದ್ದು ಕೈ ಬಿಟ್ಟಿರಲಿಲ್ಲ: ಒಂದು ಸಲಕ್ಕೆ ಒಂದೇ ಅಂಶ ಬದಲಿಸಬೇಕು, ಉಳಿದದ್ದನ್ನೆಲ್ಲ ಹಾಗೇ ಇಟ್ಟು ನೋಡಬೇಕು. ಬೇಸಿಗೆಯಲ್ಲಿ ಹೋಗೋಣವೆಂದರೆ ಕೋಣೆಯ ಕಿಟಕಿ ಪಡುವಣಕ್ಕಿದೆ, ಸಂಜೆಯ ಬಿಸಿಲು ಹಾಸಿಗೆಗೇ ಬೀಳುತ್ತದೆ. ಮಳೆಗಾಲವೆಂದರೆ ಕಲ್ಲಿನ ಮೆಟ್ಟಿಲುಗಳು ಜಾರುತ್ತವೆ. ಚಳಿಗಾಲಕ್ಕೆ ಹೋಗೋಣವೆಂದರೆ ರೈಲು ಬೆಳಕು ಹರಿಯುವ ಮೊದಲೇ ಆ ಊರು ಮುಟ್ಟುತ್ತದೆ, ಅತಿಥಿಗೃಹದ ಬಾಗಿಲು ತೆಗೆಯುವುದು ತಿಂಡಿಯ ಹೊತ್ತಿಗೆ. ಬೇರೆ ರೈಲು ಹುಡುಕಿದರೆ ಮೀನಿನ ಕೋಣೆ ಖಾಲಿಯಿಲ್ಲ, ಏಣಿ ಹತ್ತಿ ಮಲಗಬೇಕಾದ ಅಟ್ಟದ ಕೋಣೆ ಮಾತ್ರ ಇದೆ. ಪ್ರತಿ ಸಲವೂ ಅವಳು ಹೊಸ ತೊಡಕನ್ನು ತಂದು ಮೇಜಿನ ಮೇಲಿಡುತ್ತಿದ್ದಳು. ಅತ್ತಿಗೆ "ಹೌದಲ್ಲ" ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಆಮೇಲೆ ಇಬ್ಬರೂ ಟೀ ಕುಡಿದು ಊರ ಮೇಲಿನ ಮಾತೆಲ್ಲ ಆಡುತ್ತಿದ್ದರು. ಸಂಜೆ ಏಳುವಾಗ "ಮುಂದಿನ ವಾರ ಅದೊಂದು ನೋಡ್ಕೊಂಡು ಬರ್ತೀನಿ" ಎಂದರೆ ಆಯಿತು, ಮುಂದಿನ ಶನಿವಾರ ಗಟ್ಟಿ.

ಈ ನಡುವೆ ಅಣ್ಣನಿಗೆ ಇನ್ನೊಂದು ಮದುವೆ ಗೊತ್ತಾಯಿತು. ಹುಡುಗಿ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಮನೆಗೆ ಬಂದಾಗ ಅಮ್ಮನಿಗೊಂದು ಹೂವಿನ ಕುಂಡ ತಂದಳು, ಉಂಡ ತಟ್ಟೆಯನ್ನು ತಾನೇ ಎತ್ತಿದಳು, ಅಣ್ಣನ ಹಳೆಯ ಜೋಕಿಗೆ ಹೊಸದಾಗಿ ನಕ್ಕಳು. ನಾದಿನಿ ಸಂಜೆಯಿಡೀ ನೋಡಿದಳು. ದೋಷ ಹುಡುಕುವುದೇ ಕಸುಬಾದವಳಿಗೂ ಒಂದು ದೋಷ ಸಿಗಲಿಲ್ಲ. ಅದೇ ಅವಳ ದುಃಖವಾಯಿತು.

ಹುಡುಗಿ ಹೋದ ಮೇಲೆ ಅಮ್ಮ ಕುಂಡವನ್ನು ಕಿಟಕಿಯ ಬಳಿ ಇಡುತ್ತ ಹೇಳಿದಳು: "ಇನ್ನು ಅವಳೇ ಕಣೇ ನಿನಗೆ ಅತ್ತಿಗೆ. ಶನಿವಾರ ಅವಳ ಜೊತೆ ಎಲ್ಲಾದರೂ ಹೋಗಿ ಬಾ. ಆ ಅಂಗಡಿ ದಾರಿ ಸಾಕು."

"ಅಂಗಡಿಗೆ ಹೋಗೋದು ಟ್ರಿಪ್ಪಿನ ವಿಷಯಕ್ಕಮ್ಮ."

"ಅದೇನು ಟ್ರಿಪ್ಪೋ. ಚಂದ್ರನಿಗೆ ಹೋಗೋರೂ ಇಷ್ಟು ತಯಾರಿ ಮಾಡಲ್ಲ. ಹೋಗಿ ಮುಗಿಸಿಬಿಡಿ ಅತ್ತ."

ಮುಗಿಸಿಬಿಡಿ ಎಂಬ ಮಾತನ್ನು ಅವಳು ರಾತ್ರಿ ಮಲಗುವವರೆಗೂ ಮರೆಯಲಿಲ್ಲ.

ಆ ವಾರವೇ ಅವಳು ಕಚೇರಿಯ ಮೆಟ್ಟಿಲ ಮೇಲೆ ನಿಂತು ಅತಿಥಿಗೃಹಕ್ಕೆ ಫೋನು ಮಾಡಿದಳು. ಅದರ ಒಡತಿ ಕುಂಬಾರಿಕೆ ಮಾಡುವಾಕೆ. ಕೈಯಲ್ಲಿ ಸದಾ ಮಣ್ಣು, ಫೋನು ಸದಾ ಸ್ಪೀಕರಿನಲ್ಲಿ. ಮಾತಿನ ಹಿಂದೆ ಚಕ್ರ ತಿರುಗುವ ಸದ್ದು ಕೇಳುತ್ತಿರುತ್ತಿತ್ತು.

"ನೀರಿನವರಲ್ವಾ?" ಎಂದರು ಒಡತಿ. "ಈ ಸಲ ಏನು ಕೇಳ್ಬೇಕು? ದಿಂಬಿನ ಎತ್ತರ ಹೋದ ಸಲವೇ ಹೇಳಿದ್ದೆ."

ಅವಳಿಗೆ ನಾಚಿಕೆಯಾಯಿತು. "ಮೀನಿನ ಕೋಣೆ ಯಾವಾಗ ಸಿಗುತ್ತೆ ಅಂತ."

"ಸಿಗೋದಾದ್ರೆ ಮುಂದಿನ ತಿಂಗಳ ಮೊದಲ ವಾರ. ಆಮೇಲೆ ಇಲ್ಲ."

"ಆಮೇಲೆ ಬೇರೆಯವರು ಬರ್ತಾರಾ?"

"ಆಮೇಲೆ ಮೀನೇ ಇರಲ್ಲ. ಮೇಲಿನ ತೊಟ್ಟಿ ಸೋರಿ ಗಾರೆಯೆಲ್ಲ ಉಬ್ಬಿದೆ. ಮಲಗಿದವರ ಮೇಲೆ ಬಿದ್ದರೆ ಯಾರು ಜವಾಬ್ದಾರಿ? ಒಡೆದು ಹೊಸದಾಗಿ ಮಾಡಿಸ್ತೀವಿ." ಚಕ್ರದ ಸದ್ದು ನಿಧಾನವಾಯಿತು. "ಬರೆದವರು ನನ್ನ ಮನೆಯವರು. ಇದ್ದಿದ್ದರೆ ಇನ್ನೊಂದು ಬರೀತಿದ್ದರು. ನೀವು ಬರೋದಾದ್ರೆ ಬೇಗ ಹೇಳಿಮ್ಮ, ಕೊನೆ ವಾರ ಅಂತ ತುಂಬಾ ಜನ ಕೇಳ್ತಿದ್ದಾರೆ. ಬೀಳೋ ಜಾಗದ ಕೆಳಗಿಂದ ಹಾಸಿಗೆ ಸರಿಸಿದ್ದೀನಿ, ಭಯ ಬೇಡ."

ಶನಿವಾರ ಅವಳು ಇದನ್ನೆಲ್ಲ ಅತ್ತಿಗೆಯ ಮುಂದೆ ಹೇಳಿದಳು. ಹೇಳಿ ಮುಗಿಸಿದವಳೇ ಉಸಿರು ತೆಗೆದುಕೊಳ್ಳದೆ ಮುಂದುವರಿಸಿದಳು: ಸೋರುವ ಚಾವಣಿ ಎಂದರೆ ತೇವ, ತೇವ ಎಂದರೆ ಬೂಷ್ಟು, ಬೂಷ್ಟು ಅತ್ತಿಗೆಯ ಮೂಗಿಗೆ ಆಗದು. ಹಾಸಿಗೆ ಸರಿಸಿದ್ದಾರೆಂದರೆ ದೋಣಿಯ ತಳ ಸರಿಯಾಗಿ ಕಾಣುತ್ತದೆಂಬ ನಂಬಿಕೆಯಿಲ್ಲ. ಅಲ್ಲದೆ ಆ ವಾರವೇ ಅಣ್ಣನ ಮದುವೆಯ ನೋಂದಣಿ ಮುಗಿದಿರುತ್ತದೆ, ಮನೆಯಲ್ಲಿ ನೆಂಟರಿರುತ್ತಾರೆ.

ಅತ್ತಿಗೆ ಮರದ ಪಟ್ಟಿಯೊಂದರ ಮೂಲೆಯನ್ನು ಉಜ್ಜುಕಾಗದದಿಂದ ತಿಕ್ಕುತ್ತಿದ್ದರು. ಈ ಸಲ ಅವರು "ಹೌದಲ್ಲ" ಎನ್ನಲಿಲ್ಲ. ಫ್ಲಾಸ್ಕಿಗೆ ಕೈ ಹಾಕಲಿಲ್ಲ.

"ಇನ್ಸ್‌ಪೆಕ್ಟರಮ್ಮ, ಒಂದು ಕೇಳ್ಲಾ? ನೀನು ಯೋಜನೆ ಮಾಡ್ತಿರೋದು ಹೋಗೋಕಾ, ಹೋಗದೇ ಇರೋಕಾ?"

"ನಾನು ಹೇಳಿದ್ರಲ್ಲಿ ಯಾವುದು ಸುಳ್ಳು ಹೇಳಿ."

"ಸುಳ್ಳು ಅಂತ ನಾನೆಲ್ಲಿ ಅಂದೆ? ಎಲ್ಲಾನೂ ನಿಜವೇ. ನೀನು ಹೇಳಿದ್ದು ಒಂದಾದರೂ ಸುಳ್ಳಾಗಿದ್ದರೆ ನಾವು ಯಾವತ್ತೋ ಹೋಗಿ ಬಂದಿರ್ತಿದ್ವಿ."

"ನಿಮಗೇನು. ಟಿಕೆಟ್ಟಿಗೆ ಓಡಾಡೋಳು ನಾನು, ಫೋನು ಮಾಡಿ ಬೈಸ್ಕೊಳೋಳು ನಾನು."

"ಹಾಗಾದರೆ ಈ ಸಲ ನಾನೇ ಫೋನು ಮಾಡ್ತೀನಿ. ಆ ಚಾವಣಿ ಬಿದ್ದು ಹೋಗೋ ಮೊದಲು ನಾನು ನೋಡ್ಲೇಬೇಕು. ಬೂಷ್ಟಿರಲಿ, ಬಿಸಿಲಿರಲಿ." ಅತ್ತಿಗೆ ಪಟ್ಟಿಯ ಮೇಲಿನ ಪುಡಿಯನ್ನು ಊದಿದರು. "ನೀನು ಬರೋದಾದರೆ ಬಾ."

ಅವಳು ಟೀ ಕುಡಿಯದೆ ಎದ್ದಳು. ಮುಂದಿನ ವಾರ ಏನು ನೋಡಿಕೊಂಡು ಬರುತ್ತೇನೆಂದು ಹೇಳಲು ಏನೂ ಉಳಿದಿರಲಿಲ್ಲ. ಹೊಸ್ತಿಲು ದಾಟುವಾಗ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಮತ್ತೆ ಇಲ್ಲಿಗೆ ಬರಲು ತನ್ನ ಕೈಯಲ್ಲಿ ಕಾರಣವೇ ಇಲ್ಲವೆಂಬುದು ಅವಳಿಗೆ ಹೊಳೆಯಿತು.

ಸೋಮವಾರ ಪ್ರಯೋಗಾಲಯಕ್ಕೆ ಊರಿನ ಬೇರೆ ಬೇರೆ ಬಡಾವಣೆಗಳಿಂದ ನೀರಿನ ಮಾದರಿಗಳು ಬಂದವು. ಅವಳು ಎಂದಿನಂತೆ ಎಲ್ಲವನ್ನೂ ನೇರಳೆ ಬಣ್ಣದ ದ್ರವಕ್ಕೆ ಸೇರಿಸಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಳು. ನೀರು ಕೆಟ್ಟಿದ್ದರೆ ಮಾರನೆಯ ದಿನದ ಹೊತ್ತಿಗೆ ನೇರಳೆ ಹಳದಿಗೆ ತಿರುಗುತ್ತದೆ. ಮಂಗಳವಾರ ಪೆಟ್ಟಿಗೆ ತೆಗೆದರೆ ಎಲ್ಲವೂ ಹಳದಿ.

ಮೇಲಧಿಕಾರಿ ಬಂದು ನೋಡಿ ಹಣೆ ಒರೆಸಿಕೊಂಡ. "ಇಡೀ ಊರಿನ ನೀರೇ ಕೆಟ್ಟಿದೆಯಲ್ಲ! ನಲ್ಲಿ ಬಂದ್ ಮಾಡಿಸಲಾ?"

"ಸ್ವಲ್ಪ ಇರಿ ಸಾರ್," ಎಂದಳು ಅವಳು. ಪ್ರತಿ ಸಲವೂ ಒಂದು ಸೀಸೆಯಲ್ಲಿ ಶುದ್ಧ ಮಾಡಿದ ನೀರನ್ನೇ ತುಂಬಿ ಜೊತೆಗಿಡುವುದು ಅವಳ ಪದ್ಧತಿ. ಆ ನೀರಿನ ಸೀಸೆಯನ್ನೂ ಬೆಳಕಿಗೆ ಹಿಡಿದಳು. ಅದೂ ಹಳದಿ. "ನೀರು ಕೆಟ್ಟಿಲ್ಲ ಸಾರ್. ಸೀಸೆ ಕೆಟ್ಟಿದೆ. ಸೀಸೆ ಬೇಯಿಸೋ ಯಂತ್ರದ ರಬ್ಬರ್ ಸವೆದು ಕ್ರಿಮಿ ಉಳಿದಿರಬೇಕು, ನೋಡಿಸ್ತೀನಿ. ಇವತ್ತೇ ಹೊಸ ಸೀಸೆಯಲ್ಲಿ ಮತ್ತೆ ತರಿಸೋಣ."

ರಬ್ಬರು ಸವೆದೇ ಇತ್ತು. ಮೇಲಧಿಕಾರಿ ನಿರಾಳವಾಗಿ ಹೋದ. ಅವಳು ಹಳದಿಯಾದ ಸೀಸೆಗಳನ್ನು ತೊಳೆಯಲು ಹಾಕುತ್ತ ನಿಂತಳು. ಹತ್ತು ಬಡಾವಣೆಯ ನೀರು ಒಂದೇ ಸಲ ಕೆಡುವುದಿಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ, ರೈಲು, ಏಣಿ, ಬೂಷ್ಟು... ಇಷ್ಟೆಲ್ಲವೂ ಒಟ್ಟಿಗೆ ಕೆಡುವುದಿಲ್ಲ. ಯಾವ ಕಡೆಯಿಂದ ತಂದರೂ ಫಲಿತಾಂಶ ಒಂದೇ ಬರುತ್ತಿದೆಯೆಂದರೆ ನೋಡಬೇಕಾದದ್ದು ತಂದ ಸೀಸೆಯನ್ನು. ಎರಡು ವರ್ಷ ಅವಳು ಒಂದೊಂದೇ ಅಂಶ ಬದಲಿಸುತ್ತ ಬಂದಿದ್ದಳು, ತನ್ನೊಬ್ಬಳನ್ನು ಬಿಟ್ಟು. ಹೋಗಿ ಬಂದರೆ ಶನಿವಾರ ಮುಗಿಯುತ್ತದೆ. ಅವಳಿಗಿದ್ದ ತೊಡಕು ಅದೊಂದೇ.

ಸೀಸೆಗಳನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. ಕೆಲಸ ಬಿಡುವ ಹೊತ್ತಿಗೆ ಹೊಸ ಮಾದರಿಗಳು ಪೆಟ್ಟಿಗೆ ಸೇರಿದ್ದವು. ಅವಳು ಮನೆಯ ಬಸ್ಸು ಹತ್ತಲಿಲ್ಲ.

ಅಂಗಡಿಯಲ್ಲಿ ಅತ್ತಿಗೆ ದೊಡ್ಡದೊಂದು ಗಾಜನ್ನು ಒಬ್ಬರೇ ಎತ್ತಿ ಚೌಕಟ್ಟಿಗೆ ಕೂರಿಸಲು ಒದ್ದಾಡುತ್ತಿದ್ದರು. ಹೊಸ್ತಿಲ ಮೇಲೆ ನೆರಳು ಬಿದ್ದದ್ದಕ್ಕೆ ತಲೆಯೆತ್ತಿದರು.

"ಏನೇ ಇದು, ಮಂಗಳವಾರ? ಏನಾಯ್ತು?"

ಅಂಗಡಿಯ ಕಡೆಯ ಬಸ್ಸಿನಲ್ಲಿ ಬರುವಾಗ ಅವಳಿಗೆ ಎರಡು ಮೂರು ಕಾರಣಗಳು ಹೊಳೆದಿದ್ದವು. ರೈಲಿನ ಹೊತ್ತು ಬದಲಾಗಿದೆಯಂತೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು.

"ಏನಿಲ್ಲ ಅತ್ತಿಗೆ. ಸುಮ್ಮನೆ ಬಂದೆ."

ಅತ್ತಿಗೆ ಅವಳ ಮುಖವನ್ನೊಮ್ಮೆ ನೋಡಿದರು. ಗಾಜು ಕೈಯಲ್ಲೇ ಇತ್ತು. "ಬಂದವಳು ಕಂಬದ ಹಾಗೆ ನಿಂತಿರಬೇಡ. ಆ ತುದಿ ಹಿಡ್ಕೋ. ಅಂಚು ಚೂಪಿದೆ, ಬಟ್ಟೆ ತಗೋ."

ಅವಳು ಚೀಲವನ್ನು ಸ್ಟೂಲಿನ ಮೇಲಿಟ್ಟು, ಬಟ್ಟೆ ತೆಗೆದುಕೊಂಡು ಗಾಜಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮೆಲ್ಲಗೆ ಇಳಿಸತೊಡಗಿದರು.

"ಕೋಣೆ ಹೇಳಿಟ್ಟಾಯ್ತು," ಎಂದರು ಅತ್ತಿಗೆ, ಗಾಜಿನಿಂದ ಕಣ್ಣು ತೆಗೆಯದೆ. "ಎಷ್ಟು ಜನ ಅಂತ ಕೇಳಿದ್ರು. ಇಬ್ಬರು, ನಾನು ಮತ್ತೆ ನನ್ನ ನಾದಿನಿ ಅಂದೆ. ಅದೇ ಫೋನಿನ ನೀರಿನವರಾ, ಹಾಗಾದ್ರೆ ಬರೋದು ಅನುಮಾನ ಅಂದ್ರು."

ಅವಳಿಗೆ ನಗು ಬಂತು. ನಕ್ಕರೆ ಗಾಜು ಅಲುಗುತ್ತದೆಂದು ತಡೆದುಕೊಂಡಳು. "ಬರ್ತೀನಿ. ಆದರೆ ಅತ್ತಿಗೆ, ಹೋಗಿ ಬಂದ ಮೇಲೆ..."

"ಹೋಗಿ ಬಂದ ಮೇಲೆ ಏನು?"

"ಶನಿವಾರ ನಾನು ಏನಂತ ಬರ್ಲಿ? ಇಷ್ಟು ದಿನ ಆ ಕೋಣೆ ಇತ್ತು."

"ಇವತ್ತು ಏನಂತ ಬಂದೆ?"

ಅವಳು ಬಟ್ಟೆ ಸರಿಮಾಡಿಕೊಂಡು ಗಾಜನ್ನು ಚೌಕಟ್ಟಿನ ಅಂಚಿಗೆ ಹೊಂದಿಸಿದಳು.

"ಎಡಕ್ಕೆ ಸ್ವಲ್ಪ," ಎಂದರು ಅತ್ತಿಗೆ. "ಸಾಕು. ಈಗ ಬಿಡು."

ಗಾಜು ಚೌಕಟ್ಟಿನೊಳಗೆ ಕೂತಿತು. ಅತ್ತಿಗೆ ಫ್ಲಾಸ್ಕು ಅಲುಗಿಸಿ ನೋಡಿದರು. ಮಂಗಳವಾರಕ್ಕೆ ಒಬ್ಬರ ಟೀ ಮಾತ್ರ ಇತ್ತು. ಅದನ್ನೇ ಎರಡು ಲೋಟಕ್ಕೆ ಸುರಿದರು.