ಹೆಡ್‌ಫೋನ್ ಕೊಳ್ಳಲು ಹೋದದ್ದು

ನೆಪ ಹೇಳುವುದರಲ್ಲಿ ನನ್ನ ಗಂಡನದು ಎತ್ತಿದ ಕೈ. ಯಾರಾದರೂ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ, ಸಂಜೆ ಹೊರಗೆ ಹೋಗಿ ಬರೋಣ ಎಂದರೆ ಮಂಡಿ ನೋವು. ಹಾಗಾಗಿ ನಾದಿನಿ ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ಕಳಿಸಿದ ದಿನ, ಈ ಸಲ ಯಾವ ನೆಪ ಹೊರಡುತ್ತದೋ ನೋಡೋಣವೆಂದು ನಾನು ಕಾದೇ ಕೂತಿದ್ದೆ. ಇವರು ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮಡಿಸಿ ಮೇಜಿನ ಮೇಲಿಟ್ಟರು. ಮಗ್ಗದ ಸದ್ದಿನಲ್ಲೇ ಅರ್ಧ ಆಯುಸ್ಸು ಹೋಯಿತು, ಇನ್ನು ವಿಮಾನದ ಸದ್ದನ್ನೂ ತಲೆ ಮೇಲೆ ಹಾಕಿಕೊಳ್ಳುವುದು ತಮ್ಮ ಕೈಲಾಗದು, ಬೇಕಾದರೆ ನಾನೊಬ್ಬಳೇ ಹೋಗಿ ಬರಲಿ ಎಂದರು.

ನಾದಿನಿ ಎಂದರೆ ಇವರ ಒಬ್ಬಳೇ ತಂಗಿ. ಚಿಕ್ಕಂದಿನಿಂದ ಬಾಯಿ ಮುಚ್ಚಿದವಳಲ್ಲ, ಅದಕ್ಕೇ ಮನೆಯವರೆಲ್ಲ ಅವಳನ್ನು ಗುಬ್ಬಿ ಎನ್ನುವುದು. ನಾವು ಮೂವರೂ ಒಂದೇ ಬಟ್ಟೆ ಗಿರಣಿಯ ಒಂದೇ ಶೆಡ್ಡಿನಲ್ಲಿ ದುಡಿದವರು. ನೂರಾರು ಮಗ್ಗ ಒಟ್ಟಿಗೆ ಓಡುವ ಜಾಗದಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸದು. ಆದ್ದರಿಂದ ಶೆಡ್ಡಿನವರು ತುಟಿಯಲ್ಲೇ ಮಾತಾಡುತ್ತಿದ್ದೆವು. ದನಿ ಹೊರಡಿಸುವ ಗೋಜೇ ಇಲ್ಲ. ಎದುರಿಗೆ ನಿಂತು ತುಟಿಯನ್ನು ದೊಡ್ಡದಾಗಿ ಆಡಿಸಿ, ಬೇಕಾದ ಕಡೆ ಕೈಯನ್ನೂ ಸೇರಿಸಿದರೆ ನಾಲ್ಕು ಸಾಲು ಆಚೆಯ ಮಗ್ಗದವರಿಗೂ ಮಾತು ಮುಟ್ಟುತ್ತಿತ್ತು. ನೂಲು ಹರಿದದ್ದು, ಮೇಸ್ತ್ರಿ ಬಂದದ್ದು, ಯಾರ ಮನೆಯಲ್ಲಿ ಜಗಳವಾದದ್ದು ಎಲ್ಲ ಹೀಗೇ. ಗುಬ್ಬಿಯಂತೂ ಮೇಸ್ತ್ರಿಯ ಬೆನ್ನ ಹಿಂದೆಯೇ ನಿಂತು ಅವನ ನಡಿಗೆಯನ್ನು ವರ್ಣಿಸಿ ನಮ್ಮ ಹೊಟ್ಟೆ ಹುಣ್ಣಾಗಿಸುತ್ತಿದ್ದಳು. ನನ್ನ ಮದುವೆಯ ಮಾತನ್ನು ಮೊದಲು ಎತ್ತಿದ್ದೂ ಅವಳೇ, ಎರಡು ಮಗ್ಗಗಳ ನಡುವೆ ನಿಂತು, ಒಂದು ಚೂರೂ ದನಿಯಿಲ್ಲದೆ.

ಅವಳ ಮೊದಲ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಐದು ವರ್ಷದ ಹಿಂದೆ, ತಲೆ ಅರ್ಧ ನರೆತ ಮೇಲೆ, ದೂರದೂರಿನ ಬೇಕರಿಯವರೊಬ್ಬರನ್ನು ಮದುವೆಯಾಗುತ್ತೇನೆ ಎಂದಳು. ನನಗೆ ಕುಣಿಯುವಷ್ಟು ಖುಷಿ. ಇವರು ಮಾತ್ರ ಮುಖ ಗಂಟು ಹಾಕಿಕೊಂಡು, ಇನ್ನೊಂದು ಸಲ ಯೋಚನೆ ಮಾಡು ಎಂದರು. ಅವಳು ಯೋಚನೆ ಮಾಡಿಯೇ ಹೋದಳು. ಆಮೇಲೆ ಶುರುವಾಯಿತು ನೋಡಿ. ಅವಳ ಫೋನು ಬಂದರೆ ಇವರು "ಹ್ಞೂಂ, ಚೆನ್ನಾಗಿದೀನಿ" ಎಂದಷ್ಟೇ ಅಂದು, ಬಿಸಿ ಪಾತ್ರೆ ದಾಟಿಸುವ ಹಾಗೆ ಫೋನನ್ನು ನನ್ನ ಕೈಗೆ ದಾಟಿಸುವುದು. ವಿಡಿಯೋ ಮಾಡೋಣವೆಂದರೆ ಆ ಪುಣ್ಯಾತ್ಗಿತ್ತಿ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ತನ್ನ ಕೆಲಸಕ್ಕೆ ನಿಲ್ಲುತ್ತಾಳೆ. ನಮಗೆ ಕಾಣುವುದು ಬೇಕರಿಯ ಸೂರು ಮತ್ತು ಅವಳ ಅರ್ಧ ಹಣೆ. ಆ ಅರ್ಧ ಹಣೆಯನ್ನು ಸ್ವಲ್ಪ ಹೊತ್ತು ನೋಡಿ ಇವರು ಎದ್ದು ಹೋಗುತ್ತಿದ್ದರು.

ಈಗ ಅವಳಿಗೆ ಮಂಡಿಯ ಆಪರೇಷನ್ ಆಗಿತ್ತು. ಓಡಾಡುವುದು ಕಷ್ಟ, ನಮ್ಮಲ್ಲಿಗೆ ಬರುವಂತಿಲ್ಲ. ಟಿಕೆಟ್ ಕಳಿಸಿದ ಮೇಲೆ ನನ್ನೊಬ್ಬಳ ಹತ್ತಿರ ಮಾತಾಡಿದಳು.

"ಅತ್ತಿಗೆ, ಅಣ್ಣನ ಕೋಪ ಇಳಿಯೋದೇ ಇಲ್ವಾ? ಈ ಸಲಾನೂ ಬರದೇ ಇದ್ರೆ ನಾನು ಇನ್ಮೇಲೆ ಕರೆಯಲ್ಲ. ಎಷ್ಟು ಸಲ ಅಂತ ನಾನೇ ಸೋಲ್ಲಿ?"

ಗುಬ್ಬಿ ಸುಮ್ಮನೆ ಬೆದರಿಸುವವಳಲ್ಲ. ಅಣ್ಣನಷ್ಟೇ ಹಠ, ಒಂದು ತೂಕ ಹೆಚ್ಚೇ. ಇದೇ ಕೊನೆ ಎಂದು ನನಗೆ ಖಾತ್ರಿಯಾಯಿತು. ಇರುವುದೊಂದು ತಂಗಿ, ಇರುವುದೊಬ್ಬ ಅಣ್ಣ, ಇಬ್ಬರಿಗೂ ವಯಸ್ಸಾಗುತ್ತ ಬಂತು. ಏನೇ ಆಗಲಿ ಈ ಮನುಷ್ಯನನ್ನು ವಿಮಾನ ಹತ್ತಿಸಿಯೇ ಸೈ ಎಂದು ಟೊಂಕ ಕಟ್ಟಿದೆ. ಸದ್ದೊಂದೇ ತಾನೇ ನೆಪ? ಆ ಸದ್ದನ್ನೇ ಇಲ್ಲವೆನಿಸಿದರೆ ಆಮೇಲೆ ಏನು ಹೇಳುತ್ತಾರೆ ನೋಡೋಣ.

ದಾರಿ ತೋರಿಸಿದವಳು ಮೇಲಿನ ಮನೆಯ ನರ್ಸಮ್ಮ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವಾಗ ಅವಳು ಸದ್ದು ನುಂಗುವ ಹೆಡ್‌ಫೋನ್ ಹಾಕಿಕೊಳ್ಳುತ್ತಾಳಂತೆ, ರಸ್ತೆಯಲ್ಲಿ ಲಾರಿ ಹೋದರೂ ಗೊತ್ತಾಗುವುದಿಲ್ಲವಂತೆ. ಮರುದಿನವೇ ಇವರನ್ನು ಅಂಗಡಿಗೆ ಎಳೆದುಕೊಂಡು ಹೋದೆ. ಸುಮ್ಮನೆ ನೋಡಿಬರಲು ಮಾತ್ರ ಎಂದು ದಾರಿಯುದ್ದಕ್ಕೂ ಗೊಣಗುತ್ತಲೇ ಬಂದರು.

ಮಾರಾಟಕ್ಕೆ ನಿಂತಿದ್ದ ಕನ್ನಡಕದ ಹೆಂಗಸು ತಾಳ್ಮೆಯವಳು. ಇದರಲ್ಲಿ ಎರಡು ಬಗೆ ಎಂದಳು. ಒಂದು ಕಿವಿಯ ರಂಧ್ರಕ್ಕೇ ಸಿಕ್ಕಿಸುವ ಗುಂಡಿಯಷ್ಟರದು, ಜೇಬಿಗೆ ಹಗುರ, ಕಳೆದುಕೊಳ್ಳುವುದೂ ಸುಲಭ. ಇನ್ನೊಂದು ಇಡೀ ಕಿವಿಯನ್ನು ಮುಚ್ಚುವ ಮೆತ್ತನೆಯ ದೊಡ್ಡದು, ಚಾರ್ಜು ತುಂಬ ಹೊತ್ತು ಬರುತ್ತದೆ, ದೂರದ ಪ್ರಯಾಣಕ್ಕೆ ಒಳ್ಳೆಯದು. ಎಂಜಿನ್ನಿನಂತೆ ಒಂದೇ ಸಮ ಗುಂಯ್‌ಗುಡುವ ಸದ್ದನ್ನು ಇವು ಅಡಗಿಸುತ್ತವೆ, ಆದರೆ ಪಕ್ಕದವರ ಮಾತು ಸ್ವಲ್ಪ ನುಸುಳುತ್ತದೆ ಎಂದೂ ಮುಚ್ಚಿಡದೆ ಹೇಳಿದಳು. ಹಿಂದಿದ್ದ ದೊಡ್ಡ ಸ್ಪೀಕರಿನಲ್ಲಿ ವಿಮಾನದ ಸದ್ದು ಹಾಕಿ, ನೀವೇ ಪರೀಕ್ಷೆ ಮಾಡಿ ನೋಡಿ ಎಂದಳು.

ಪರೀಕ್ಷೆಗೆ ನಾನು ನಿಂತೆ. ಮೊದಲು ಇವರ ಕಿವಿಗೆ ಸಣ್ಣದು. ಎಡಗಿವಿಯದು ಜಾರಿ ಜಾರಿ ಬಿದ್ದು, ಕೊನೆಗೊಮ್ಮೆ ಕೂತಿತು. ಎದುರು ನಿಂತು, ಕೇಳುತ್ತಿದೆಯೇ ಎಂದೆ. ಕೇಳುತ್ತಿದೆ ಎಂದರು. ಮನೆಯಲ್ಲಿ ಹಾಲು ಮುಗಿದಿದೆ ಎಂದೆ. ಹೋಗುತ್ತಾ ತಗೊಂಡು ಹೋಗೋಣ ಎಂದರು. ಅದನ್ನು ತೆಗೆಸಿ ದೊಡ್ಡದನ್ನು ಹಾಕಿಸಿದೆ. ಅದರಲ್ಲೂ ನನ್ನ ಒಂದು ಮಾತೂ ಇವರಿಗೆ ತಪ್ಪಲಿಲ್ಲ. ಅದಕ್ಕಿಂತ ಒಳ್ಳೆಯದು, ಅದಕ್ಕಿಂತಲೂ ಒಳ್ಳೆಯದು ಎಂದು ಆಕೆ ಕಪಾಟಿನ ಮೇಲಿನ ಸಾಲಿಗೆ ಕೈ ಹಾಕಿದಳು. ಎಲ್ಲಕ್ಕೂ ಅದೇ ಹಾಡು. ಇವರ ಮುಖ ಅರಳುತ್ತ ಹೋಯಿತು, ನೆಪ ಗಟ್ಟಿಯಾಗುತ್ತಿತ್ತಲ್ಲ. ನನ್ನ ಪಿತ್ತ ನೆತ್ತಿಗೇರಿತು. ಏನಮ್ಮ, ಹೆಸರಿಗೆ ಸದ್ದು ಅಡಗಿಸುತ್ತದೆ ಅಂತೀರಿ, ಒಂದಾದರೂ ಕೆಲಸ ಮಾಡಬಾರದೇ ಎಂದು ಆ ಪಾಪದವಳ ಮೇಲೆ ಹರಿಹಾಯ್ದೆ.

ಅವಳು ಒಂದೊಂದನ್ನೂ ತನ್ನ ಕಿವಿಗೇ ಹಾಕಿಕೊಂಡು ನೋಡಿದಳು. ಎಲ್ಲವೂ ಸರಿಯಾಗಿವೆ. ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ನನ್ನ ಪಕ್ಕಕ್ಕೇ ಬಂದು ನಿಂತಳು. ನಾನು ಇವರಿಗೆ ಏನೋ ಹೇಳಿದೆ, ಇವರು ಉತ್ತರ ಕೊಟ್ಟರು. ಅವಳು ನನ್ನ ಬಾಯಿಯನ್ನು ನೋಡಿದಳು, ಕನ್ನಡಕ ಸರಿ ಮಾಡಿಕೊಂಡು ಮತ್ತೆ ನೋಡಿದಳು.

"ಅಮ್ಮಾ, ನೀವು ಮಾತೇ ಆಡ್ತಿಲ್ಲ. ಬರೀ ತುಟಿ ಅಲ್ಲಾಡಿಸ್ತಿದೀರಿ."

ಅಯ್ಯೋ ನನ್ನ ಬುದ್ಧಿಗಿಷ್ಟು! ಸ್ಪೀಕರಿನ ಮೊರೆತ ಕಿವಿಗೆ ಬಿದ್ದದ್ದೇ ತಡ, ಶೆಡ್ಡಿನಲ್ಲಿದ್ದೇನೆ ಎಂದುಕೊಂಡು ನನ್ನ ದನಿ ತಾನಾಗಿ ಒಳಗೆ ಸೇರಿಬಿಟ್ಟಿತ್ತು. ಇವರೂ ಅದೇ ಅಭ್ಯಾಸದಲ್ಲಿ ತುಟಿ ಓದುತ್ತಿದ್ದರು. ನಮಗಿಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ಮೂವರೂ ಬಿದ್ದು ಬಿದ್ದು ನಕ್ಕೆವು. ಮಾರಾಟದಾಕೆ ಕಣ್ಣೊರೆಸಿಕೊಂಡು, ಹಾಗಾದರೆ ಇವರ ಬೆನ್ನ ಹಿಂದೆ ಹೋಗಿ ನಿಂತು ಬಾಯಿ ಬಿಟ್ಟು ಮಾತಾಡಿ ಎಂದಳು.

ಹಿಂದೆ ಹೋಗಿ ನಿಂತೆ. ಈಗ ಎಲ್ಲ ಹೆಡ್‌ಫೋನೂ ಗೆದ್ದವು. ಮೊದಲನೆಯದರಲ್ಲಿ ಕೇಳಿಸಲಿಲ್ಲ, ಎರಡನೆಯದರಲ್ಲೂ ಇಲ್ಲ. ನನಗೆ ಹಿಗ್ಗೋ ಹಿಗ್ಗು. ಪೆಟ್ಟಿಗೆಗಳ ಮೇಲೆ ಬರೆದದ್ದನ್ನು ಓದುತ್ತಲೇ, ದನಿ ಏರಿಸಿ ಏರಿಸಿ ಕೇಳುತ್ತ ಹೋದೆ.

"ರೀ, ಕೇಳಿಸ್ತಿದೆಯಾ? ರೀ!"

ಅಂಗಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಟಿವಿ ನೋಡುತ್ತಿದ್ದ ಮುದುಕರು ತಿರುಗಿದರು, ಬಾಗಿಲ ಬಳಿಯ ಕಾವಲುಗಾರನೂ ತಿರುಗಿದ. ಅಷ್ಟು ಜನ ಯಾಕೆ ತಿರುಗಿದರು ಎಂದು ತಲೆಯೆತ್ತಿ ನೋಡಿದೆ. ಸ್ಪೀಕರು ನಿಂತು ಎಷ್ಟು ಹೊತ್ತಾಗಿತ್ತೋ. ಮಾರಾಟದಾಕೆ ಹೆಡ್‌ಫೋನನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಪೆಚ್ಚುಮುಖ ಮಾಡಿಕೊಂಡು ನನ್ನನ್ನೇ ನೋಡುತ್ತಿದ್ದಳು. ಇವರ ಕಿವಿಯ ಮೇಲೆ ಏನೂ ಇರಲಿಲ್ಲ. ಇಡೀ ಅಂಗಡಿಯಲ್ಲಿ ತಿರುಗಿ ನೋಡದೆ ನಿಂತಿದ್ದವರು ಇವರೊಬ್ಬರೇ.

ಮುಂದೆ ಬಂದು ಭುಜ ಮುಟ್ಟಿದೆ. ನನ್ನ ಮುಖ ನೋಡಿದ್ದೇ ಇವರಿಗೆ ಎಲ್ಲ ತಿಳಿಯಿತು, ತಲೆ ತಗ್ಗಿಸಿದರು. ಕೈ ಹಿಡಿದು ಹೊರಗೆ ಕರೆತಂದು ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಯಾವಾಗಿನಿಂದ ಎಂದು ಕೇಳಿದೆ. ಗಿರಣಿ ಬಿಡುವ ಮೊದಲೇ ಶುರುವಾಗಿತ್ತಂತೆ. ಎದುರಿಗೆ ನಿಂತವರ ಮಾತು ತುಟಿಯಲ್ಲಿ ಸಿಕ್ಕುತ್ತದೆ, ಬೆನ್ನ ಹಿಂದಿನದು ಇಲ್ಲ, ಫೋನಿನಲ್ಲಂತೂ ಬರೀ ಗುಂಯ್ ಎನ್ನುತ್ತದಂತೆ.

ನನಗೆ ಹೇಗೆ ತಿಳಿಯಲಿಲ್ಲ ಎನ್ನಬಹುದು ನೀವು. ಶೆಡ್ಡಿನವರು ಬೆನ್ನಿಗೆ ಮಾತಾಡುವುದಿಲ್ಲ. ಭುಜ ತಟ್ಟಿ, ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ನಮ್ಮ ಅಭ್ಯಾಸ, ಮನೆಯಲ್ಲೂ ಅಷ್ಟೇ. ಎಂದೋ ಒಮ್ಮೆ ಅಡುಗೆಮನೆಯಿಂದ ಕೂಗಿದಾಗ ಓಗೊಡದಿದ್ದರೆ, ಗಂಡಸರಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ ಎಂದು ಸಿಡುಕಿ ಸುಮ್ಮನಾಗುತ್ತಿದ್ದೆ.

"ನನಗ್ಯಾಕೆ ಹೇಳ್ಲಿಲ್ಲ?"

"ಕಿವುಡನ ಹೆಂಡ್ತಿ ಅನ್ನಿಸ್ಕೋಬೇಕಿತ್ತಾ ನಿನಗೆ?" ಎಂದರು. ಮತ್ತೆ, "ಗುಬ್ಬಿ ಮನೆ ತುಂಬ ಹೊಸಬರು. ಅವರ ನಡುವೆ ಪೆದ್ದನ ಹಾಗೆ ಕೂತ್ರೆ ತಲೆ ತಗ್ಗಿಸ್ಬೇಕಾದವಳು ಅವಳು" ಎಂದರು.

ಎರಡು ಬಾರಿಸಬೇಕು ಎನಿಸಿತು, ತಬ್ಬಿಕೊಳ್ಳಬೇಕು ಎಂತಲೂ ಎನಿಸಿತು. ನಡುರಸ್ತೆಯಾದ್ದರಿಂದ ಎರಡನ್ನೂ ಮಾಡಲಿಲ್ಲ. ಹಾಗಾದರೆ ಗುಬ್ಬಿಯ ಮದುವೆಯ ಮೇಲಿನ ಕೋಪ ಯಾವಾಗ ಇಳಿಯಿತು ಎಂದು ಕೇಳಿದೆ.

"ಕೋಪಾನಾ? ಯಾರ ಮೇಲೆ?"

ನಿಜವಾಗಿಯೂ ಗೊತ್ತಿಲ್ಲದವರ ಮುಖ. ಯೋಚನೆ ಮಾಡು ಎಂದದ್ದು ಅವಳು ದೂರ ಹೋಗುತ್ತಾಳಲ್ಲ ಎಂಬ ಸಂಕಟಕ್ಕೆ ಮಾತ್ರವಂತೆ, ಅದು ಆವತ್ತಿಗೇ ಮುಗಿದ ಮಾತಂತೆ. ಐದು ವರ್ಷದಿಂದ ಅವಳು ಏನೆಂದುಕೊಂಡಿದ್ದಾಳೆ, ಟಿಕೆಟ್ ಕಳಿಸಿ ನನಗೆ ಏನು ಹೇಳಿದಳು ಎಂಬುದನ್ನು ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಇವರ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಹೋಗಿಬರುವವರ ಪರಿವೆಯಿಲ್ಲದೆ ಅಂಗಿಯ ತೋಳಿನಲ್ಲೇ ಒರೆಸಿಕೊಂಡರು. ಆಮೇಲೆ ಎದ್ದು ನಿಂತರು.

"ನಡಿ, ಆ ಕೊನೇದನ್ನ ಕಟ್ಟಿಸ್ಕೊಳ್ಳೋಣ. ಗುಬ್ಬಿಗೆ ಮಾತ್ರ ನೀನು ಹೇಳ್ಬೇಡ. ನಾನೇ ಹೇಳ್ತೀನಿ, ಮುಖ ನೋಡ್ಕೊಂಡು."

ಹೊರಡುವ ಮುಂಚೆ ಕಿವಿಯ ಡಾಕ್ಟರನ್ನೂ ಕಂಡೆವು. ಕಿವಿಗೆ ಯಂತ್ರ ಹಾಕಿದರೆ ಬಹಳ ಮಟ್ಟಿಗೆ ಅನುಕೂಲವಾಗುತ್ತದೆ, ಊರಿಗೆ ಹೋಗಿ ಬನ್ನಿ, ಆಮೇಲೆ ಅಳತೆ ತಗೊಳ್ಳೋಣ ಎಂದರು. ಉಳಿದಷ್ಟು ಕಿವಿಯನ್ನು ದೊಡ್ಡ ಸದ್ದಿನಿಂದ ಕಾಪಾಡಿಕೊಳ್ಳಿ, ವಿಮಾನದಲ್ಲಿ ಈ ಹೆಡ್‌ಫೋನ್ ಹಾಕಿಕೊಳ್ಳಿ ಎಂದದ್ದಕ್ಕೆ ನನಗೆ ಸಮಾಧಾನವಾಯಿತು, ಕೊಂಡದ್ದು ದಂಡವಾಗಲಿಲ್ಲ. ಈ ನಡುವೆ ಗುಬ್ಬಿಯ ಫೋನು ಬಂದಾಗಲೆಲ್ಲ ಗುಟ್ಟು ನಾಲಿಗೆಯ ತುದಿಗೆ ಬರುತ್ತಿತ್ತು. ಇಬ್ಬರೂ ಬರುತ್ತೇವೆ ಎಂದೆ. ಸರಿ, ನಿಲ್ದಾಣಕ್ಕೆ ಬರ್ತೀನಿ ಎಂದಳು, ದನಿಯಲ್ಲಿ ಉತ್ಸಾಹವಿರಲಿಲ್ಲ. ನನ್ನ ಬಲವಂತಕ್ಕೆ ಅಣ್ಣ ಬರುತ್ತಿದ್ದಾನೆ ಎಂದೇ ಅವಳ ಲೆಕ್ಕ.

ವಿಮಾನ ಸುಖವಾಗಿತ್ತು. ಹೆಡ್‌ಫೋನು ಹಾಕಿಕೊಂಡ ಮೇಲೆ ಎಂಜಿನ್ನಿನ ಗುಂಯ್ ತಗ್ಗಿದೆ ಎಂದರು. ಅಕ್ಕಪಕ್ಕದವರು ಎಂಜಿನ್ನಿನ ಸದ್ದಿಗೆ ಬಗ್ಗಿ ಬಗ್ಗಿ ಕೂಗಾಡುತ್ತಿದ್ದರೆ, ನಾವು ತುಟಿಯಲ್ಲೇ ಇಡೀ ಗಿರಣಿಯನ್ನು ಒಂದು ಸುತ್ತು ಹಾಕಿ ಬಂದೆವು. ಹಾಗೆ ಕೂತು ಮಾತಾಡಿ ಎಷ್ಟೋ ಕಾಲವಾಗಿತ್ತು. ಇಳಿಯುವ ಹೊತ್ತಿಗೆ ಇವರು ಮಾತು ನಿಲ್ಲಿಸಿ, ಎರಡು ಕೈಯನ್ನೂ ತೊಡೆಯ ಮೇಲೆ ಉಜ್ಜಿಕೊಳ್ಳತೊಡಗಿದರು.

ಪೆಟ್ಟಿಗೆ ಬರುವ ಜಾಗದಲ್ಲಿ ನಿಂತೆವು. ಹೊರಗೆ ಕಾಯುವವರಿಗೂ ನಮಗೂ ನಡುವೆ ನೆಲದಿಂದ ಸೂರಿನವರೆಗೆ ದಪ್ಪ ಗಾಜಿನ ಗೋಡೆ. ಆಚೆಯವರು ಬಾಯಿ ಬಡಿದುಕೊಳ್ಳುತ್ತಾರೆ, ಈಚೆಯವರು ಕೈ ಬೀಸುತ್ತಾರೆ, ಯಾರಿಗೆ ಯಾರ ಮಾತೂ ಕೇಳಿಸುವುದಿಲ್ಲ. ಆ ಗುಂಪಿನಲ್ಲಿ ಊರುಗೋಲು ಹಿಡಿದು ಗುಬ್ಬಿ ನಿಂತಿದ್ದಳು, ಪಕ್ಕದಲ್ಲಿ ಬೇಕರಿಯವರು. ನನ್ನನ್ನು ನೋಡಿ ಕೈ ಎತ್ತಿದಳು. ಅಣ್ಣನನ್ನು ನೋಡಿ ಕೈ ಇಳಿಸಿದಳು.

ಇವರು ಗಾಜಿನತ್ತ ಎರಡು ಹೆಜ್ಜೆ ಹೋದರು. ಹೊರಗೆ ಹೋದ ಮೇಲೆ ನಿಧಾನವಾಗಿ ಹೇಳುತ್ತಾರೆ ಎಂದುಕೊಂಡಿದ್ದೆ, ಅಷ್ಟು ತಡೆದುಕೊಳ್ಳಲು ಆಗಲಿಲ್ಲ ಎಂದು ಕಾಣುತ್ತದೆ. ಬೆರಳಿನಿಂದ ಒಂದು ಕಿವಿ ಮುಟ್ಟಿದರು, ಇನ್ನೊಂದು ಕಿವಿ ಮುಟ್ಟಿದರು, ಕೈ ಆಡಿಸಿದರು. ಆಮೇಲೆ ನಾಲ್ಕು ಸಾಲು ಆಚೆಯ ಮಗ್ಗಕ್ಕೆ ಹೇಳುವವರ ಹಾಗೆ ತುಟಿ ಬಿಡಿಸಿ ಹೇಳಿದರು.

"ಕಿವಿ ಹೋಗಿದೆ, ಗುಬ್ಬಿ. ಫೋನಲ್ಲಿ ನಿನ್ನ ಮಾತು ಕೇಳ್ಸಲ್ಲ. ಕೋಪ ಅಲ್ಲ ಕಣೇ."

ಗುಬ್ಬಿ ನಿಂತಲ್ಲೇ ನಿಂತಳು. ಬೇಕರಿಯವರು ಏನೆಂದು ಕೇಳುತ್ತಿದ್ದರು, ಅವಳಿಗೆ ಅವರ ಕಡೆ ಗಮನವಿಲ್ಲ. ಅವಳ ತುಟಿ ಅದುರಿತು. ಆಮೇಲೆ ನಿಧಾನವಾಗಿ, ದೊಡ್ಡದಾಗಿ, ನಾನೂ ಓದುವಷ್ಟು ಸ್ಪಷ್ಟವಾಗಿ ಬಿಚ್ಚಿಕೊಂಡಿತು.

"ಅಷ್ಟೇನಾ, ಅಣ್ಣಾ?"

ಅಂದವಳೇ ಊರುಗೋಲು ಬೇಕರಿಯವರ ಕೈಗೆ ತುರುಕಿ, ಎರಡು ಅಂಗೈಯನ್ನೂ ಗಾಜಿಗೆ ಒತ್ತಿ ಅಳುತ್ತ ನಗತೊಡಗಿದಳು. ಇವರೂ ಆಚೆ ಈಚೆ ನೋಡದೆ ಗಾಜಿಗೆ ಅಂಗೈ ಕೊಟ್ಟು ನಿಂತರು. ಮಾತು ಶುರುವಾಯಿತು. ಐದು ವರ್ಷದ್ದೆಲ್ಲ ಅಲ್ಲೇ ನಿಂತು ಮುಗಿಸುವವರಂತೆ ಇಬ್ಬರ ತುಟಿಯೂ ಒಂದು ಕ್ಷಣವೂ ಸುಮ್ಮನಿರಲಿಲ್ಲ. ನಮ್ಮ ಪೆಟ್ಟಿಗೆ ನನ್ನ ಮುಂದೆಯೇ ಹಾದು ಹೋಯಿತು. ಹೋಗಲಿ, ಇನ್ನೊಂದು ಸುತ್ತು ಬರುತ್ತದೆ ಎಂದು ನಾನು ಅವರ ಮಾತು ನೋಡುತ್ತ ನಿಂತೆ.