ಹಗ್ಗದ ಮೇಲಿನ ಕೆಂಪು ದಾರ

ಬಾಣಂತಿಯ ಮನೆಯಲ್ಲಿ ರಾತ್ರಿ ಒಂದೇ ತುಂಡಾಗಿ ಬರುವುದಿಲ್ಲ. ಒಂದು ಚೂರು ನಿದ್ದೆ, ಒಂದು ಚೂರು ಅಳು, ಮತ್ತೆ ಒಂದು ಚೂರು ನಿದ್ದೆ. ರಾಣೆಬೆನ್ನೂರಿನಿಂದ ಕುಮಾರಪಟ್ಟಣಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಅಂಜಲಿಗೆ ಐದು ವಾರದಿಂದ ಇದೇ ಪಾಡು. ಮೊದಲ ಹೆರಿಗೆ, ತವರುಮನೆ. ಕೂಸು ಹತ್ತಕ್ಕೆ ಏಳುತ್ತಿತ್ತು, ಹನ್ನೆರಡಕ್ಕೆ ಏಳುತ್ತಿತ್ತು, ಎರಡಕ್ಕೆ, ಮತ್ತೆ ನಾಲ್ಕಕ್ಕೆ. ಗೋಡೆಯ ಮೇಲಿನ ಹಲ್ಲಿಗೂ ಅಂಜಲಿಗಿಂತ ಹೆಚ್ಚು ನಿದ್ದೆ ಸಿಗುತ್ತಿತ್ತು ಅನ್ನಿ.

ಪಕ್ಕದ ಹಾಸಿಗೆಯಲ್ಲಿ ಅವಳ ತಾಯಿ ಮರಿಯವ್ವ. ಕೂಸು ಎಷ್ಟು ಸಲ ಎದ್ದಿತು ಎಂದು ಕತ್ತಲಲ್ಲೇ ಬೆರಳು ಮಡಚಿ ಎಣಿಸುವಳು. ಮಗಳ ಕಣ್ಣ ಕೆಳಗಿನ ಕಪ್ಪು ನೋಡಿದಾಗೆಲ್ಲ ಆಕೆಗೆ ಸಂಕಟವಾಗುತ್ತಿತ್ತು. ಮಗಳಿಗೆ ಹಾಲು ಸಾಲುತ್ತಿಲ್ಲ, ಅದಕ್ಕೇ ಕೂಸು ಏಳುತ್ತಿದೆ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು. ದಿನಾ ಕೇಳಿ ಕೇಳಿ ಅಂಜಲಿಯೂ ಅದನ್ನೇ ನಂಬಿದಳು.

ಅಂಜಲಿಯ ಗಂಡ ದುರ್ಗೇಶ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ಬಂದವನು ಅತ್ತೆಯ ಮಾತಿನಂತೆ ಹಾಲಿನ ಪುಡಿಯ ಡಬ್ಬಿ, ಒಂದು ಬಾಟ್ಲಿ ತಂದಿಟ್ಟು ಹೋದ. ಸೋಮವಾರ ರಾತ್ರಿಯಿಂದ ಕೂಸಿಗೆ ಬಾಟ್ಲಿ ಹಾಲು ಎಂದು ನಿಶ್ಚಯವಾಯಿತು. ಅಂಜಲಿ ಗೋಡೆಗೆ ಮುಖ ಮಾಡಿ ಅತ್ತಳು. ನಿದ್ದೆ ಬೇಕಾಗಿದ್ದುದು ನಿಜ. ಆದರೆ ಒಂದು ಕೂಸಿನ ಹೊಟ್ಟೆ ತುಂಬಿಸಲು ತನ್ನಿಂದ ಆಗಲಿಲ್ಲವಲ್ಲ ಎಂಬ ನೋವು ಅದಕ್ಕಿಂತ ದೊಡ್ಡದಾಗಿತ್ತು.

ಸೋಮವಾರ ಸಂಜೆ ಆಶಾ ಕಾರ್ಯಕರ್ತೆ ಕೈಸರ ಬಂದಳು. ಮರಿಯವ್ವ ಹೈಬ್ರಿಡ್ ಬೀಜ ಬೆಳೆಯುವ ಪ್ಲಾಟಿನಿಂದ ಆಗಷ್ಟೇ ಬಂದಿದ್ದಳು. ನಮ್ಮ ಕಡೆಯ ಹೆಂಗಸರಿಗೆ ಆ ಕೆಲಸ ಹೊಸದಲ್ಲ. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು. ಬೆಳಿಗ್ಗೆ ಬೇರೆ ಗಿಡದ ಹೂವಿನ ಪರಾಗ ಮುಟ್ಟಿಸಿ, ಗುರುತಿಗೆ ಒಂದು ಕೆಂಪು ದಾರ ಕಟ್ಟಬೇಕು. ದಾರ ಇದ್ದರೆ ಆ ಹೂವಿನ ಕೆಲಸ ಆಗಿದೆ, ಇಲ್ಲದಿದ್ದರೆ ಇಲ್ಲ. ಮರಿಯವ್ವನ ಸೆರಗಿನ ತುದಿಯಲ್ಲಿ ಅವತ್ತಿನ ದಾರದ ಗಂಟು ಹಾಗೇ ಇತ್ತು.

ಕೈಸರ ಡಬ್ಬಿಯನ್ನು ನೋಡಿದಳು, ಬೈಯಲಿಲ್ಲ. ಯಾಕೆ ತಂದಿರಿ ಎಂದಷ್ಟೇ ಕೇಳಿದಳು.

“ರಾತ್ರಿ ನಾಕೈದು ಸಲ ಏಳತೈತವಾ ಕೈಸರ,” ಎಂದಳು ಮರಿಯವ್ವ. “ಹೊಟ್ಟಿ ತುಂಬಿದ ಕೂಸು ಹಿಂಗ ಏಳತೈತೇನು?”

“ಏಳತೈತ್ರಿ ಅವ್ವಾರ. ಕೂಸಿನ ಹೊಟ್ಟಿ ಭಾಳ ಸಣ್ಣದು. ತಾಯಿ ಹಾಲು ಲಗೂ ಜೀರ್ಣ ಆಗತೈತಿ, ಮತ್ತ ಹಸಿವಾಗತೈತಿ. ನೀವು ಎದ್ದಿದ್ದನ್ನ ಎಣಿಸಾಕತ್ತೀರಿ. ಅದನ್ನ ಬಿಡ್ರಿ, ಕೂಸಿನ ಹಸಿ ಅರಿವಿ ಎಣಿಸ್ರಿ.”

ಒಂದು ಹಗಲು ಒಂದು ರಾತ್ರಿ ಸೇರಿ ಆರು ಸಲವಾದರೂ ಕೂಸು ಚೆನ್ನಾಗಿ ಉಚ್ಚೆ ಮಾಡಿದರೆ, ತೂಕವೂ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದೇ ಅರ್ಥ ಎಂದು ಕೈಸರ ತಿಳಿಸಿ ಹೇಳಿದಳು. ಕೂಸು ಕುಡಿದಷ್ಟೂ ಹಾಲು ಹೆಚ್ಚುತ್ತದೆ. ಅದರಲ್ಲೂ ರಾತ್ರಿ ಕುಡಿಸಿದರೆ ಹಾಲು ಚೆನ್ನಾಗಿ ಊರುತ್ತದೆ. ಬಾಟ್ಲಿ ಹಿಡಿಸಿದರೆ ಎದೆಯ ಹಾಲು ದಿನೇ ದಿನೇ ಕಡಿಮೆಯಾಗುತ್ತದೆ, ಬಾಟ್ಲಿ ಸ್ವಚ್ಛವಿರದಿದ್ದರೆ ಭೇದಿಯೂ ಹಿಡಿಯುತ್ತದೆ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು; ನೀರೂ ಬೇಡ, ಬೇರು ತೇಯ್ದು ನೆಕ್ಕಿಸುವ ಘುಟ್ಟಿಯೂ ಬೇಡ.

ಮರಿಯವ್ವ ಒಪ್ಪಲಿಲ್ಲ. ನಿದ್ದೆಗಣ್ಣಿನಲ್ಲಿ ಅರಿವೆಯ ಲೆಕ್ಕ ಯಾರಿಗೆ ನೆನಪಿರುತ್ತದೆ ಎಂದು ಗೊಣಗಿದಳು. ಕೈಸರಳ ಕಣ್ಣು ಆಕೆಯ ಸೆರಗಿನ ಗಂಟಿನ ಮೇಲೆ ಬಿತ್ತು.

“ದಾರ ಐತೆಲ್ರಿ. ಅರಿವಿ ಹಸಿಯಾದಾಗೊಮ್ಮೆ, ಅದನ್ನ ಒಣಹಾಕೋ ಈ ಹಗ್ಗಕ್ಕೊಂದು ಕಟ್ರಿ. ನಾಳೆ ಸಂಜಿಗೆ ಬರ್ತೇನಿ. ಆರಕ್ಕಿಂತ ಕಮ್ಮಿ ಇದ್ರ ನಾನ ದವಾಖಾನಿಗೆ ಕರ್ಕೊಂಡು ಹೋಗ್ತೇನಿ. ಅಲ್ಲಿತನಕ ಡಬ್ಬಿ ಒಡೀಬ್ಯಾಡ್ರಿ.”

ಹೋಗುವ ಮುಂಚೆ ಕೈಸರ ಅಂಜಲಿಗೆ ಮಗ್ಗುಲಾಗಿ ಮಲಗಿ ಹಾಲು ಕುಡಿಸುವುದನ್ನು ತೋರಿಸಿದಳು. ಕೂಸು ತುಟಿ ಚಪ್ಪರಿಸಿದರೆ, ಕೈ ಬಾಯಿಗೆ ಒಯ್ದರೆ ಅದೇ ಹಸಿವಿನ ಗುರುತು, ಅಳುವ ತನಕ ಕಾಯಬೇಡ ಎಂದಳು. ಕುಡಿಸಿದ ಮೇಲೆ ಕೂಸನ್ನು ಬೆನ್ನ ಮೇಲೆ ಮಲಗಿಸಬೇಕು, ಮುಖದ ಮೇಲೆ ಹೊದಿಕೆ ಬರಬಾರದು. ಬಾಣಂತಿಗೆ ನೀರು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಮರಿಯವ್ವನ ಕೈಯಲ್ಲೇ ಒಂದು ತಂಬಿಗೆ ನೀರು ತರಿಸಿ ತಲೆಯ ಹತ್ತಿರ ಇಡಿಸಿದಳು.

ಆ ರಾತ್ರಿ ಸಣ್ಣ ದೀಪವೊಂದೇ ಉರಿಯುತ್ತಿತ್ತು. ದೂರದಲ್ಲಿ ಗೂಡ್ಸ್ ರೈಲು ಹೋದ ಸದ್ದು. ಕೂಸು ತುಟಿ ಆಡಿಸಿತು, ಅಂಜಲಿ ಮಗ್ಗುಲಾದಳು. ಗುಟುಕು ಗುಟುಕು ಸದ್ದಿನಲ್ಲಿ ಅವಳ ಕಣ್ಣು ಮಂಪರಾಯಿತು. ಕೂಸು ಕುಡಿದು ಬಿಟ್ಟೊಡನೆ ಮರಿಯವ್ವ ಎದ್ದು ಅರಿವೆ ಬದಲಿಸಿದಳು, ಕೂಸನ್ನು ಬೆನ್ನ ಮೇಲೆ ಮಲಗಿಸಿ ಹಗ್ಗದ ಕಡೆ ನಡೆದಳು. ಅಂಜಲಿಗೆ ಅದು ಎಚ್ಚರವೋ ಕನಸೋ ತಿಳಿಯಲಿಲ್ಲ. ಕತ್ತಲೆಲ್ಲ ಒಂದು ಹೊಲ, ಹೊಲದ ತುಂಬ ಬಿಳಿ ಹೂವು, ಅವ್ವ ಸಾಲು ಹಿಡಿದು ಒಂದೊಂದೇ ಹೂವಿಗೆ ಕೆಂಪು ದಾರ ಕಟ್ಟುತ್ತ ತನ್ನ ಕಡೆಗೇ ಬರುತ್ತಿದ್ದಾಳೆ. ಹೊಲದ ನಡುವೆ ಕೂಸು ನೆಮ್ಮದಿಯಾಗಿ ಮಲಗಿದೆ. ಮತ್ತೆ ಎಚ್ಚರವಾದಾಗ ಎರಡು ಗಂಟೆಯಾಗಿತ್ತು. ಅಂಜಲಿ ಎಷ್ಟೋ ದಿನಗಳ ಮೇಲೆ ಹಗುರಾಗಿದ್ದಳು.

ಮರುದಿನ ಕೂಸು ಮಲಗಿದಾಗಲೆಲ್ಲ ಅಂಜಲಿಯೂ ಮಲಗಿದಳು. ಮರಿಯವ್ವ ಪ್ಲಾಟಿಗೆ ಹೋಗದೆ ಮನೆಗೆಲಸ ನೋಡಿಕೊಂಡಳು. ಸಂಜೆ ಕೈಸರ ಬಂದಾಗ ಹಗ್ಗದ ಮೇಲೆ ದಾರ ಒಂಬತ್ತಿದ್ದವು. ಮರಿಯವ್ವ ಅವನ್ನು ಒಂದೊಂದಾಗಿ ಮುಟ್ಟಿ, ಮತ್ತೆ ಮೊದಲಿನಿಂದ ಮುಟ್ಟಿದಳು. ಆಮೇಲೆ ಮಗಳ ಪಕ್ಕ ಕುಳಿತು ಅತ್ತುಬಿಟ್ಟಳು.

“ನೀ ಕೂಸಿದ್ದಾಗ ನಿನಗ ಹಾಲು ಸಾಲೂದಿಲ್ಲ ಅಂತ ಮಂದಿ ಅಂದ್ರು. ನಾನೂ ನಂಬಿದೆ. ನಲವತ್ತು ದಿನಕ್ಕ ಎದಿ ಬಿಡಿಸಿಬಿಟ್ಟೆ. ನನಗ ಯಾರೂ ಹಿಂಗ ಎಣಿಸಿ ತೋರಸಲಿಲ್ಲವಾ.”

ಅಂಜಲಿ ಅವ್ವನ ಕೈ ಹಿಡಿದುಕೊಂಡಳು.

ನಲವತ್ತೆರಡನೆಯ ದಿನ ಕೈಸರ ಕೂಸನ್ನು ತೂಗಿದಳು. ಹುಟ್ಟಿದಾಗ ಎರಡು ಕೆಜಿ ಎಂಟುನೂರು ಗ್ರಾಂ ಇದ್ದದ್ದು ಈಗ ನಾಲ್ಕು ಕೆಜಿ. ಒಡೆಯದ ಡಬ್ಬಿಯನ್ನು ದುರ್ಗೇಶ ಬ್ಯಾಡಗಿಗೆ ವಾಪಸು ಒಯ್ದ. ಈಗ ಶನಿವಾರ ರಾತ್ರಿಯೇ ಬರುತ್ತಾನೆ. ಅವತ್ತು ಅರಿವೆ ಬದಲಿಸುವ ಪಾಳಿ ಅವನದು. ಕೂಸು ಈಗಲೂ ರಾತ್ರಿ ಏಳುತ್ತದೆ. ಆದರೆ ಮನೆಯಲ್ಲಿ ಯಾರೂ ಹೆದರುವುದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅವ್ವಂದಿರೇ, ಅತ್ತೆಯರೇ, ಅಪ್ಪಂದಿರೇ, ಕೂಸು ರಾತ್ರಿ ಎದ್ದಿತೆಂದು ತಾಯಿಯ ಹಾಲಿನ ಮೇಲೆ ಅಪವಾದ ಹಾಕಬೇಡಿ. ಕೂಸು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ಕಡಿಮೆಯಾದರೆ, ಜ್ವರ ಬಂದರೆ ತಡಮಾಡದೆ ದವಾಖಾನೆಗೆ ಹೋಗಿ. ವೈದ್ಯರು ಹೇಳದೆ ಡಬ್ಬಿ ಹಾಲು ಕೊಡಬೇಡಿ. ಸಂಶಯವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹಾಲು ಕುಡಿಸುವುದು ತಾಯಿಯ ಕೆಲಸ, ಉಳಿದದ್ದೆಲ್ಲ ನಿಮ್ಮದು. ಇವತ್ತು ರಾತ್ರಿ ನಿಮ್ಮ ಮನೆಯ ಕೂಸು ಎದ್ದಾಗ, ತಾಯಿಯ ಜೊತೆ ನೀವೂ ಒಬ್ಬರು ಏಳಿ.